ಓದುಗರ ಪ್ರಶ್ನೆ: ಮೀನನ್ನು ಕೊಂದ ಕೆಮಿಕಲ್ ಯಾವುದು?

ಪ್ರಶ್ನೆ: ನಾವಿರುವುದು ಸಿಯಾಟಲ್‌ನಲ್ಲಿ. ಮೊನ್ನೆ ಮಗಳು ಶಾಲೆಯಿಂದ ಬಂದವಳೇ, ‘ಅಮ್ಮಾ, ಕಾರಿನ ಟೈರಿನಿಂದ ಇಲ್ಲಿನ ಹಳ್ಳದ ಮೀನು ಸಾಯುತ್ತಂತೆ’ ಅಂದಳು. ರಸ್ತೆಯಿಂದ ಹಳ್ಳಕ್ಕೆ ಎಣ್ಣೆ, ಮಸಿ, ಲೋಹದ ಪುಡಿ ಎಲ್ಲವೂ ಹರಿದು ಹೋಗುತ್ತದೆ. ಅಷ್ಟರಲ್ಲಿ ಟೈರಿನದ್ದೇ ತಪ್ಪು ಅಂತ ಹೇಗೆ ಗೊತ್ತಾಯಿತು?
– ಓದುಗರೊಬ್ಬರು, ಸಿಯಾಟಲ್

ಉತ್ತರ: ಮಗಳು ಹೇಳಿದ್ದು ನಿಜ. ಶರತ್ಕಾಲದ ಮಳೆ ಬಿದ್ದಾಗ ಕೋಹೋ ಸಾಲ್ಮನ್ ಮೀನುಗಳು ಸಮುದ್ರ ಬಿಟ್ಟು ಮೊಟ್ಟೆ ಇಡಲು ನಿಮ್ಮ ಊರಿನ ಹಳ್ಳಗಳಿಗೆ ಬರುತ್ತವೆ. ಜೋರು ಮಳೆಯಾದ ಕೆಲವೇ ಗಂಟೆಗಳಲ್ಲಿ ಅವು ದಿಕ್ಕು ತಪ್ಪಿದಂತೆ ಸುತ್ತು ಹಾಕುತ್ತವೆ, ಬಾಯಿ ತೆರೆದು ನೀರಿನ ಮೇಲಕ್ಕೆ ಬರುತ್ತವೆ, ಮಗುಚಿ ಬಿದ್ದು ಸಾಯುತ್ತವೆ. ಸತ್ತ ಹೆಣ್ಣು ಮೀನಿನ ಹೊಟ್ಟೆ ಸೀಳಿದರೆ ಮೊಟ್ಟೆ ಹಾಗೇ ತುಂಬಿರುತ್ತದೆ. ಕೆಲವು ಹಳ್ಳಗಳಲ್ಲಿ ಬಂದ ಮೀನುಗಳಲ್ಲಿ ಶೇಕಡಾ 40ರಿಂದ 90ರಷ್ಟು ಹೀಗೆ ಮೊಟ್ಟೆ ಇಡುವ ಮೊದಲೇ ಸತ್ತಿವೆ.

ಮೊದಲು ಎಲ್ಲರ ಅನುಮಾನ ಹೋದದ್ದು ಗೊತ್ತಿರುವ ವಿಷಗಳ ಮೇಲೆ. ಲೋಹಗಳನ್ನೂ ಪೆಟ್ರೋಲಿಯಂ ಅಂಶಗಳನ್ನೂ ಬೆರೆಸಿ ರಸ್ತೆ ನೀರಿನಂಥದ್ದನ್ನೇ ತಯಾರಿಸಿ ಮೀನುಗಳನ್ನು ಬಿಟ್ಟು ನೋಡಿದರು. ಮೀನು ಸಾಯಲಿಲ್ಲ. ನಿಜವಾದ ರಸ್ತೆ ನೀರಿಗೆ ಬಿಟ್ಟರೆ ಸತ್ತವು. ಅಂದರೆ ಕೊಲೆಗಾರ ಯಾರ ಪಟ್ಟಿಯಲ್ಲೂ ಇರಲಿಲ್ಲ.

ಆಮೇಲೆ ವಾಷಿಂಗ್ಟನ್ ರಾಜ್ಯದ ವಿಜ್ಞಾನಿಗಳು ದಾರಿ ಬದಲಿಸಿದರು. ಟೈರಿನ ಪುಡಿ ನೆನೆಸಿದ ನೀರು ಕೋಹೋ ಮರಿಗಳನ್ನು ಕೊಲ್ಲುತ್ತದೆ ಅನ್ನುವುದು ಸಿಕ್ಕಿತು, ಆದರೆ ಆ ನೀರಿನಲ್ಲಿ 2000ಕ್ಕೂ ಜಾಸ್ತಿ ಕೆಮಿಕಲ್ ಇದ್ದವು. ಒಂದೊಂದನ್ನೇ ಹೆಸರಿಟ್ಟು ಹುಡುಕುತ್ತಾ ಕೂತರೆ ಮುಗಿಯುವ ಕೆಲಸವಲ್ಲ. ಅದಕ್ಕೇ ನೀರನ್ನು ಭಾಗ ಮಾಡಿದರು, ಪ್ರತಿ ಭಾಗಕ್ಕೂ ಮರಿಗಳನ್ನು ಬಿಟ್ಟರು, ಮರಿ ಬದುಕಿದ ಭಾಗವನ್ನು ಪಕ್ಕಕ್ಕಿಟ್ಟು ಸತ್ತ ಭಾಗವನ್ನು ಮತ್ತೆ ಒಡೆದರು. ಅಕ್ಕಿ ಕೇರಿದ ಹಾಗೆ, ಕೊನೆಗೆ ಉಳಿದದ್ದು ಒಂದು ವಸ್ತು. ಅದರಲ್ಲಿ 18 ಕಾರ್ಬನ್, 22 ಹೈಡ್ರೋಜನ್, 2 ನೈಟ್ರೋಜನ್, 2 ಆಕ್ಸಿಜನ್. ಟೈರ್ ಬಿರುಕು ಬಿಡದಿರಲಿ ಅಂತ ಹಾಕುವ 6ಪಿಪಿಡಿ ಅನ್ನುವ ಕೆಮಿಕಲ್‌ನಲ್ಲಿ 18 ಕಾರ್ಬನ್, 24 ಹೈಡ್ರೋಜನ್, 2 ನೈಟ್ರೋಜನ್. ಅದಕ್ಕೆ ಗಾಳಿಯ ಓಝೋನ್ ತಗುಲಿದಾಗ ಎರಡು ಹೈಡ್ರೋಜನ್ ಹೋಗಿ ಎರಡು ಆಕ್ಸಿಜನ್ ಸೇರುತ್ತದೆ. ಹುಟ್ಟುವುದು 6ಪಿಪಿಡಿ-ಕ್ವಿನೋನ್. ಟೈರ್ ಕಂಪನಿ ಹಾಕಿದ್ದು ಇದನ್ನಲ್ಲ, ರಸ್ತೆಯ ಮೇಲೆ ತಾನಾಗಿ ಹುಟ್ಟಿದ್ದು ಇದು! 2020ರ ಡಿಸೆಂಬರ್‌ನಲ್ಲಿ ಈ ಸಂಶೋಧನೆ ಪ್ರಕಟವಾಯಿತು.

ಎಷ್ಟು ಸಾಕು ಗೊತ್ತಾ? 2022ರಲ್ಲಿ ತಿದ್ದಿದ ಲೆಕ್ಕದ ಪ್ರಕಾರ ಲೀಟರಿಗೆ 95 ನ್ಯಾನೋಗ್ರಾಂ ಇದ್ದರೆ ಅರ್ಧದಷ್ಟು ಕೋಹೋ ಮರಿಗಳು ಸಾಯುತ್ತವೆ. ಒಂದೇ ಒಂದು ಗ್ರಾಂ, ಸುಮಾರು ಒಂದು ಕೋಟಿ ಲೀಟರ್ ನೀರಿಗೆ. ನಮ್ಮ ಕಡೆಯ 12 ಸಾವಿರ ಲೀಟರಿನ ಟ್ಯಾಂಕರ್‌ಗಳನ್ನು ನೆನಪಿಸಿಕೊಳ್ಳಿ, ಅಂಥವು 800ಕ್ಕೂ ಜಾಸ್ತಿ ಬೇಕು. ಅದೇ ಹಳ್ಳಕ್ಕೆ ಬರುವ ಚಮ್ ಸಾಲ್ಮನ್‌ಗೆ ಮಾತ್ರ ಇದರಿಂದ ಏನೂ ಆಗುವುದಿಲ್ಲ. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಕಾಡುವುದು ಇದೇ. ಚಮ್ ಮೇಲೆ ಮಾತ್ರ ಪರೀಕ್ಷೆ ಮಾಡಿದ್ದರೆ ನೀರು ಚೆನ್ನಾಗಿದೆ ಅಂತ ಬರೆದು ಕಳಿಸುತ್ತಿದ್ದರು.

ಪ್ರಶ್ನೆ: ನೀರಿನಲ್ಲಿ ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ತಡೆಯಬೇಕು, ಅಲ್ವಾ?
– ವಿದ್ಯಾರ್ಥಿ, ಮೈಸೂರು

ಉತ್ತರ: ಅಲ್ಲ. ಹಾಗಂತ ಎಲ್ಲ ಕೆಮಿಕಲ್‌ಗೂ ಸಿಯಾಟಲ್‌ನವರ ಹಾಗೆ ಮೀನು ಬಿಟ್ಟು ನೋಡುತ್ತಾ ಕೂರಲೂ ಆಗುವುದಿಲ್ಲ. ಅದಕ್ಕೊಂದು ಸುಲಭದ ಭಾಗಾಕಾರ ಇದೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 2007ರಿಂದ ಟಾಕ್ಸ್‌ಕಾಸ್ಟ್ ಅನ್ನುವ ಯೋಜನೆ ನಡೆಸುತ್ತಿದೆ. ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಜೀವಕೋಶ ಇಟ್ಟು, ಯಂತ್ರದಿಂದ ಸಾವಿರಾರು ಕೆಮಿಕಲ್‌ಗಳನ್ನು ಹಾಕಿ, ಎಷ್ಟು ಹಾಕಿದಾಗ ಜೀವಕೋಶ ಪ್ರತಿಕ್ರಿಯಿಸಿತು ಅಂತ ಬರೆದಿಡುತ್ತಾರೆ. ಹೊಳೆಯಲ್ಲಿ ಸಿಕ್ಕ ಪ್ರಮಾಣವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಆಯಿತು. ಒಂದು ಕೆಮಿಕಲ್ ನೀರಿನಲ್ಲಿ 100 ಪಾಲು ಇದೆ, ಜೀವಕೋಶ ಅಲುಗಾಡಲು ಲಕ್ಷ ಪಾಲು ಬೇಕು ಅಂದುಕೊಳ್ಳಿ. ಭಾಗಿಸಿದರೆ ಸಾವಿರದಲ್ಲಿ ಒಂದು. ಇನ್ನೊಂದು ಬರೀ 1 ಪಾಲು ಇದೆ, ಆದರೆ 10 ಪಾಲೇ ಸಾಕು. ಹತ್ತರಲ್ಲಿ ಒಂದು. ಮೊದಲು ಹಿಡಿಯಬೇಕಾದದ್ದು ಈ ಎರಡನೆಯದನ್ನು.

ಅಮೆರಿಕದ ಗ್ರೇಟ್ ಲೇಕ್ಸ್ ಸರೋವರಗಳಿಗೆ ಸೇರುವ 57 ನದಿಗಳಲ್ಲಿ 2010ರಿಂದ 2013ರವರೆಗೆ ತೆಗೆದ ನೀರಿಗೆ ಇದೇ ಲೆಕ್ಕ ಹಾಕಿದರು. ಸಾವಿರದಲ್ಲಿ ಒಂದನ್ನು ಗೆರೆ ಅಂತ ಇಟ್ಟುಕೊಂಡಾಗ ಕಳೆನಾಶಕ ಅಟ್ರಾಜಿನ್, ಪ್ಲಾಸ್ಟಿಕ್‌ನ ಬಿಸ್ಫೆನಾಲ್ ಎ, ಅಷ್ಟೇ ಅಲ್ಲ, ಕಾಫಿಯ ಕೆಫೀನ್ ಕೂಡ ಗಮನಿಸಬೇಕಾದ ಪಟ್ಟಿಗೆ ಬಂತು. ಪಟ್ಟಿಗೆ ಬಂದ ಮಾತ್ರಕ್ಕೆ ಮೀನು ಸಾಯುತ್ತದೆ ಅಂತಲ್ಲ, ಮೊದಲು ಇಲ್ಲಿ ನೋಡಿ ಅಂತ ಅಷ್ಟೇ. ತಟ್ಟೆಯ ಜೀವಕೋಶಕ್ಕೆ ಕಿವಿರು ಇಲ್ಲ, ಮೊಟ್ಟೆ ಇಡುವ ಕಾಲ ಇಲ್ಲ. ಯಾರೂ ಹುಡುಕದ ಕೆಮಿಕಲ್ ಈ ಲೆಕ್ಕಕ್ಕೆ ಸಿಗುವುದೂ ಇಲ್ಲ. ಅದಕ್ಕೇ ನನ್ನ ಪ್ರಕಾರ ಎರಡೂ ದಾರಿ ಜೊತೆಯಲ್ಲೇ ನಡೆಯಬೇಕು.

ಪ್ರಮಾಣ ನೋಡಿ ಮೋಸ ಹೋಗಬೇಡಿ ಅನ್ನುವುದಕ್ಕೆ ಇನ್ನೊಂದು ಉದಾಹರಣೆ. ಕೆನಡಾದ ಒಂಟಾರಿಯೋದಲ್ಲಿ ಪ್ರಯೋಗಕ್ಕೆಂದೇ ಇಟ್ಟುಕೊಂಡಿರುವ ಒಂದು ಕೆರೆಗೆ 2001ರಿಂದ ಮೂರು ಬೇಸಿಗೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನು ಹಾಕಿದರು. ಲೀಟರಿಗೆ 5–6 ನ್ಯಾನೋಗ್ರಾಂ, ಅಂದರೆ ಸುಮಾರು 20 ಕೋಟಿ ಲೀಟರಿಗೆ ಒಂದು ಗ್ರಾಂ. ಗಂಡು ಮೀನುಗಳ ಮೈಯಲ್ಲಿ ಮೊಟ್ಟೆಯ ಪ್ರೋಟೀನ್ ತಯಾರಾಗತೊಡಗಿತು. ಫ್ಯಾಟ್‌ಹೆಡ್ ಮಿನ್ನೋ ಅನ್ನುವ ಪುಟ್ಟ ಮೀನು ಆ ಕೆರೆಯಲ್ಲಿ ಹೆಚ್ಚುಕಡಿಮೆ ಇಲ್ಲವೇ ಆಯಿತು. ಹಾಕುವುದು ನಿಲ್ಲಿಸಿದ ಕೆಲವು ವರ್ಷಗಳ ಮೇಲೆ ಮತ್ತೆ ಬಂತು, ಅದೊಂದು ಸಮಾಧಾನ.

ಪ್ರಶ್ನೆ: ಟೈರ್ ಇಲ್ಲದೆ ಓಡಾಡಲು ಆಗುವುದಿಲ್ಲ. ಹಾಗಾದರೆ ದಾರಿ ಏನು?
– ಚಾಲಕರೊಬ್ಬರು, ಹುಬ್ಬಳ್ಳಿ

ಉತ್ತರ: ಸದ್ಯಕ್ಕೆ ಮಣ್ಣು. ರಸ್ತೆ ನೀರನ್ನು ಮರಳು ಮತ್ತು ಕಾಂಪೋಸ್ಟ್ ಬೆರೆಸಿದ ಮಣ್ಣಿನಲ್ಲಿ ಇಳಿಸಿ ಕೊಟ್ಟಾಗ ಕೋಹೋ ಮೀನುಗಳು ಬದುಕಿದವು. ರಸ್ತೆ ಪಕ್ಕದ ಚರಂಡಿ ನೇರವಾಗಿ ಹಳ್ಳಕ್ಕೆ ಸೇರುವ ಬದಲು ಇಂಥ ಮಣ್ಣಿನ ಗುಂಡಿಗೆ ಇಳಿದು ಹೋಗಬೇಕು. ಸಾಲ್ಮನ್ ನಂಬಿ ಬದುಕುವ ಯುರೋಕ್, ಪುಯಾಲಪ್ ಮತ್ತು ಪೋರ್ಟ್ ಗ್ಯಾಂಬಲ್ ಎಸ್‌ಕ್ಲಾಲಮ್ ಮೂಲನಿವಾಸಿಗಳು ಟೈರಿನಲ್ಲಿ 6ಪಿಪಿಡಿ ಬಳಕೆಗೆ ಕಡಿವಾಣ ಹಾಕಿ ಅಂತ 2023ರಲ್ಲಿ ಇಪಿಎಗೆ ಅರ್ಜಿ ಕೊಟ್ಟರು, ಅದೇ ವರ್ಷ ನವೆಂಬರ್‌ನಲ್ಲಿ ಇಪಿಎ ಆ ಅರ್ಜಿಯನ್ನು ಒಪ್ಪಿತು. 6ಪಿಪಿಡಿಗೆ ಬದಲಿ ಹುಡುಕುವ ಕೆಲಸವೂ ನಡೆದಿದೆ. ಸಿಕ್ಕ ಬದಲಿಯನ್ನು ಹಾಗೇ ಪರೀಕ್ಷಿಸಿ ಬಿಟ್ಟರೆ ಸಾಲದು. ಮೊದಲು ಅದರ ಮೇಲೆ ಓಝೋನ್ ಹಾಯಿಸಬೇಕು, ಹುಟ್ಟಿದ್ದನ್ನು ಕೋಹೋ ಮರಿಗಳಿರುವ ತೊಟ್ಟಿಗೆ ಬಿಟ್ಟು, ಒಂದು ಹಗಲು ಒಂದು ರಾತ್ರಿ ಕಾದು ನೋಡಬೇಕು.