ದಿನವೂ ಕುಡಿಯಲು ಜಪಾನಿನ ಹಸಿರು ಚಹಾ: ಯಾವುದನ್ನು ಕೊಳ್ಳಬೇಕು?

ಪ್ರಶ್ನೆ: ಜಪಾನಿನಲ್ಲಿ ಕೆಲಸದಲ್ಲಿರುವ ನಮ್ಮ ಮಗಳು ಕಳೆದ ಬಾರಿ ಊರಿಗೆ ಬಂದಾಗ ಸೆಂಚಾ ಎಂಬ ಹಸಿರು ಚಹಾದ ಎರಡು ಪೊಟ್ಟಣ ತಂದುಕೊಟ್ಟಿದ್ದಳು. ಅದನ್ನು ಕುಡಿದ ಮೇಲೆ ನನಗೂ ನಮ್ಮ ಮನೆಯವರಿಗೂ ಹಾಲು, ಸಕ್ಕರೆ ಹಾಕಿದ ಚಹಾ ಬೇಡವೆನ್ನುವಷ್ಟು ಅದರ ರುಚಿ ಹತ್ತಿತು. ಅದು ಮುಗಿದ ನಂತರ ಇಲ್ಲಿನ ಅಂಗಡಿಗಳಲ್ಲಿ ಸಿಗುವ ಗ್ರೀನ್ ಟೀ ತಂದು ನೋಡಿದೆವು, ಬರೀ ಕಹಿ. ಆನ್‌ಲೈನ್‌ನಲ್ಲಿ ಜಪಾನಿನದೆಂದು ಮಾರುವ ಚಹಾದ ಬೆಲೆ ಒಂದೊಂದು ಕಡೆ ಒಂದೊಂದು ರೀತಿ ಇದೆ. ನಿವೃತ್ತಿ ವೇತನದಲ್ಲಿ ಸಂಸಾರ ನಡೆಸುವ ನಮ್ಮಂಥವರು ದಿನವೂ ಕುಡಿಯಬಹುದಾದ ಒಳ್ಳೆಯ ಚಹಾ ಯಾವುದು? ಮಗಳು ತಂದ ಒಂದು ಪೊಟ್ಟಣ ತೆರೆದು ಬಹಳ ದಿನವಾಗಿ ಸಪ್ಪೆಯಾಗಿದೆ, ಅದನ್ನು ಎಸೆಯಬೇಕೇ?
— ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಮೊದಲು ಆ ಹಳೆಯ ಪೊಟ್ಟಣದ ವಿಷಯ. ದಯವಿಟ್ಟು ಎಸೆಯಬೇಡಿ. ಬೂಷ್ಟು ಹಿಡಿದಿಲ್ಲವೆಂದು ಖಚಿತಪಡಿಸಿಕೊಂಡು, ಎಣ್ಣೆಯ ಜಿಡ್ಡಿಲ್ಲದ ಬಾಣಲೆಯಲ್ಲಿ ಎರಡು ಮೂರು ಚಮಚದಷ್ಟು ಎಲೆ ಹಾಕಿ, ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯಿರಿ. ಹಸಿರು ಬಣ್ಣ ಹೋಗಿ ಎಲೆ ಕಂದು ಬಣ್ಣಕ್ಕೆ ತಿರುಗಿ, ಹುರಿಗಡಲೆಯನ್ನು ನೆನಪಿಸುವ ಘಮ ಬಂದ ಕೂಡಲೇ ತಟ್ಟೆಗೆ ಸುರಿದು ಆರಲು ಬಿಡಿ. ಸೀದರೆ ಕಹಿಯಾಗುತ್ತದೆ. ಜಪಾನಿನ ಮನೆಗಳಲ್ಲಿ ಹಳೆಯದಾದ ಚಹಾವನ್ನು ಹೀಗೆಯೇ ಮಣ್ಣಿನ ಚಿಕ್ಕ ಓಡಿನಲ್ಲಿ ಹುರಿದು ಬಳಸುವ ರೂಢಿಯಿದ್ದು, ಹುರಿದ ಚಹಾಕ್ಕೆ ಅಲ್ಲಿ ಹೋಜಿಚಾ ಎನ್ನುತ್ತಾರೆ. ಕುದಿಯುವ ನೀರನ್ನೇ ಇದಕ್ಕೆ ಸುರಿಯಬಹುದು, ಒಗರು ಅಷ್ಟಾಗಿ ಬಿಡುವುದಿಲ್ಲ.

ನಿಮ್ಮ ಮುಖ್ಯ ಪ್ರಶ್ನೆಗೆ ನನ್ನ ಉತ್ತರವೂ ಇದೇ ಹೋಜಿಚಾದ ದಾರಿಯಲ್ಲಿದೆ. ನಮ್ಮಲ್ಲಿ ಜಪಾನಿನ ಚಹಾವೆಂದರೆ ಸೆಂಚಾ, ಅದಕ್ಕಿಂತ ಮೇಲೆ ನೆರಳಲ್ಲಿ ಬೆಳೆಸಿದ ಗ್ಯೊಕುರೊ ಅಥವಾ ಪುಡಿ ಚಹಾವಾದ ಮಾಚಾ ಎಂದು ಭಾವಿಸುತ್ತೇವೆ. ಹಣ ಕಡಿಮೆಯಿದ್ದರೆ ಅದೇ ಸೆಂಚಾದಲ್ಲಿ ಅತ್ಯಂತ ಅಗ್ಗದ್ದನ್ನು ಹುಡುಕುತ್ತೇವೆ. ನಿರಾಸೆಯಾಗುವುದು ಅಲ್ಲಿಯೇ. ಅಗ್ಗದ ಸೆಂಚಾ ಕೊಳ್ಳುವುದಕ್ಕಿಂತ, ಅಗ್ಗವಾಗಿರುವುದೇ ಸಹಜವಾದ ಜಾತಿಯ ಚಹಾದಲ್ಲಿ ಒಳ್ಳೆಯದನ್ನು ಕೊಳ್ಳುವುದು ಮೇಲು. ಬಂಚಾ, ಹೋಜಿಚಾ, ಗೆನ್ಮಾಯ್‌ಚಾ, ಕುಕಿಚಾ ಇವೆಲ್ಲ ಆ ದೇಶದ ಸಾಮಾನ್ಯ ಮನೆಗಳಲ್ಲಿ ಊಟದ ಹೊತ್ತಿಗೆ, ಮಕ್ಕಳು ಮುದುಕರೆನ್ನದೆ ಕುಡಿಯುವ ಚಹಾಗಳು. ಇವು ಕಳಪೆಯೆಂದು ಅಗ್ಗವಾಗಿಲ್ಲ, ಎಲೆ ಕೀಳುವ ಕಾಲ ಮತ್ತು ಬಳಸುವ ಭಾಗ ಬೇರೆಯೆಂದು ಅಗ್ಗವಾಗಿವೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜಪಾನಿನಲ್ಲಿ ವರ್ಷದ ಮೊದಲ ಕೊಯ್ಲು ದಕ್ಷಿಣದ ಬೆಚ್ಚನೆಯ ಭಾಗಗಳಲ್ಲಿ ಏಪ್ರಿಲ್‌ನಲ್ಲಿ ಆರಂಭವಾಗಿ ಮೇ ತಿಂಗಳಿನಲ್ಲಿ ಉಳಿದ ಕಡೆ ನಡೆಯುತ್ತದೆ. ಚಳಿಗಾಲವಿಡೀ ಗಿಡ ಕೂಡಿಟ್ಟುಕೊಂಡ ಥಿಯನೈನ್ ಎಂಬ ಸತ್ವ ಆ ಎಳೆಯ ಚಿಗುರಿನಲ್ಲಿ ಹೆಚ್ಚಾಗಿರುತ್ತದೆ. ನಿಮ್ಮ ಮಗಳು ತಂದ ಸೆಂಚಾದಲ್ಲಿ ನೀವು ಕಂಡ, ಸಿಹಿಯೂ ಅಲ್ಲದ ಉಪ್ಪೂ ಅಲ್ಲದ ಆ ತುಂಬಿದ ರುಚಿ ಮುಖ್ಯವಾಗಿ ಅದರಿಂದಲೇ ಬರುತ್ತದೆ. ಬಿಸಿಲು ಏರಿದಂತೆ ಎಲೆಯಲ್ಲಿ ಥಿಯನೈನ್ ಕರಗಿ, ಕಹಿ ಮತ್ತು ಒಗರಿಗೆ ಕಾರಣವಾದ ಕ್ಯಾಟೆಚಿನ್‌ಗಳು ಹೆಚ್ಚುತ್ತವೆ. ಆದ್ದರಿಂದ ಜೂನ್‌ನ ಎರಡನೆಯ ಕೊಯ್ಲಿನಿಂದ ಮಾಡಿದ ಸೆಂಚಾ ಅಗ್ಗವೂ ಹೌದು, ಒಗರೂ ಹೌದು. ಬಲಿತ ಎಲೆಯ ಬಂಚಾದಲ್ಲಿಯಾದರೋ ಕೆಫೀನ್ ಕಡಿಮೆ, ರುಚಿ ಹಗುರ. ಅದನ್ನೇ ಹುರಿದರೆ ಹೋಜಿಚಾ. ಎಲೆಯ ದೇಟುಗಳನ್ನು ಬೇರ್ಪಡಿಸಿ ಮಾಡಿದ್ದು ಕುಕಿಚಾ. ದೇಟಿನಲ್ಲಿ ಕಹಿ ಕಡಿಮೆಯಾದ್ದರಿಂದ, ಒಳ್ಳೆಯ ತೋಟದ ಕುಕಿಚಾ ಅದೇ ತೋಟದ ಸೆಂಚಾದ ಸೌಮ್ಯತೆಯನ್ನು ಕಡಿಮೆ ಬೆಲೆಗೆ ಕೊಡುತ್ತದೆ. ಸೆಂಚಾದ ರುಚಿಯೇ ಬೇಕೆನ್ನುವ ನಿಮಗೆ ನಾನು ಮೊದಲು ಹೇಳುವ ಹೆಸರು ಕುಕಿಚಾ.

ಗೆನ್ಮಾಯ್‌ಚಾ ದಾವಣಗೆರೆಯವರಿಗೆ ಹೊಸದೆನಿಸಲಾರದು. ಹಸಿರು ಚಹಾಕ್ಕೆ ಹೆಚ್ಚುಕಡಿಮೆ ಸಮ ಪ್ರಮಾಣದಲ್ಲಿ ಹುರಿದ ಅಕ್ಕಿ ಬೆರೆಸಿದ ಚಹಾ ಅದು. ಅಲ್ಲಲ್ಲಿ ಅರಳಿದ ಕಾಳುಗಳೂ ಇರುತ್ತವೆ. ಬಿಸಿನೀರು ಬಿದ್ದೊಡನೆ ಮಂಡಕ್ಕಿ ಭಟ್ಟಿಯ ಪಕ್ಕದ ಬೀದಿಯಲ್ಲಿ ಹಾದುಹೋದಾಗ ಮೂಗಿಗೆ ಬರುವ ವಾಸನೆಯ ನೆಂಟಸ್ತಿಕೆಯ ಘಮ ಏಳುತ್ತದೆ. ಹಾಗೆಂದು ನಮ್ಮ ಮಂಡಕ್ಕಿಯನ್ನೇ ಚಹಾಕ್ಕೆ ಬೆರೆಸಲು ಹೋಗಬೇಡಿ, ಮಂಡಕ್ಕಿಯ ಅಕ್ಕಿಗೆ ಉಪ್ಪುನೀರು ಸೇರಿರುತ್ತದೆ. ಪಾಲಿಶ್ ಮಾಡದ ಅಕ್ಕಿಯನ್ನು ತೊಳೆದು, ನೆರಳಲ್ಲಿ ಚೆನ್ನಾಗಿ ಆರಿಸಿ, ಬಾಣಲೆಯಲ್ಲಿ ಕಂದು ಬಣ್ಣ ಬರುವವರೆಗೆ ಹುರಿದು ಬೆರೆಸಿದರೆ ಮನೆಯಲ್ಲೇ ಗೆನ್ಮಾಯ್‌ಚಾ ಸಿದ್ಧವಾಗುತ್ತದೆ. ನೂರು ಗ್ರಾಂ ಚಹಾ ಇನ್ನೂರು ಗ್ರಾಂ ಆಗುತ್ತದೆಯೆಂಬುದು ಮಾತ್ರವಲ್ಲ, ಸಾಧಾರಣ ಎಲೆಯ ಒಗರನ್ನೂ ಅಕ್ಕಿಯ ಘಮ ಮೃದುಗೊಳಿಸುತ್ತದೆ.

ಬೆಲೆಯನ್ನು ಪೊಟ್ಟಣದ ಲೆಕ್ಕದಲ್ಲಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ, ನಿಜ. ಚಹಾದ ಆಮದಿಗೆ ನಮ್ಮಲ್ಲಿ ಸುಂಕವೂ ಹೆಚ್ಚು. ಆದರೆ ಬಟ್ಟಲಿನ ಲೆಕ್ಕ ಬೇರೆ. ನೂರು ಗ್ರಾಂ ಪೊಟ್ಟಣಕ್ಕೆ ₹900 ಎಂದಿಟ್ಟುಕೊಳ್ಳೋಣ. ಇಬ್ಬರಿಗೆ ಒಂದು ಸಲಕ್ಕೆ 5 ಗ್ರಾಂ ಎಲೆ ಸಾಕು. ಅಂದರೆ ಪೊಟ್ಟಣ ಇಪ್ಪತ್ತು ಸಲಕ್ಕೆ ಬರುತ್ತದೆ, ಒಂದು ಸಲಕ್ಕೆ ₹45. ಒಳ್ಳೆಯ ಎಲೆಗೆ ಮೂರು ಬಾರಿ ನೀರು ಹಾಕಬಹುದಾದ್ದರಿಂದ ಇಬ್ಬರಿಗೂ ಮೂರು ಮೂರು ಚಿಕ್ಕ ಬಟ್ಟಲು ಸಿಗುತ್ತವೆ. ಬಟ್ಟಲೊಂದಕ್ಕೆ ₹7.50. ಎರಡನೆಯ ನೀರಿಗೇ ಸಪ್ಪೆಯಾಗುವ ₹400ರ ಪೊಟ್ಟಣ ಇದಕ್ಕಿಂತ ಅಗ್ಗವೆಂದು ನಾನು ಒಪ್ಪುವುದಿಲ್ಲ.

ಕೊಳ್ಳುವಾಗ ಪೊಟ್ಟಣದ ಹಿಂಬದಿಯನ್ನು ಸಾವಧಾನದಿಂದ ಓದಿ. ಸೆಂಚಾ ಎಂಬುದು ತಯಾರಿಕೆಯ ಹೆಸರು, ಊರಿನ ಹೆಸರಲ್ಲ. ಚೀನಾದಲ್ಲಿ ಬೆಳೆದು ಅದೇ ವಿಧಾನದಲ್ಲಿ ತಯಾರಿಸಿದ ಎಲೆಯೂ ಸೆಂಚಾ ಎಂದೇ ಮಾರಾಟವಾಗುತ್ತದೆ. ಅದರಲ್ಲಿ ಮೋಸವಿಲ್ಲ, ಆದರೆ ಜಪಾನಿನ ಬೆಲೆ ತೆತ್ತು ಅದನ್ನು ತರಬಾರದು. ಬೆಳೆದ ದೇಶವಷ್ಟೇ ಅಲ್ಲದೆ ಶಿಜುವೊಕಾ, ಕಾಗೊಶಿಮಾ, ಯಾಮೆ, ಉಜಿ ಮುಂತಾದ ಪ್ರದೇಶದ ಹೆಸರು, ಎಷ್ಟನೆಯ ಕೊಯ್ಲು ಎಂಬ ವಿವರ, ಪೊಟ್ಟಣ ಕಟ್ಟಿದ ತಿಂಗಳು, ಆಮದು ಮಾಡಿಕೊಂಡವರ ವಿಳಾಸ ಮತ್ತು ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇದ್ದರೆ ಮಾರುವವರಿಗೆ ತಮ್ಮ ಸರಕಿನ ಮೇಲೆ ಭರವಸೆಯಿದೆಯೆಂದು ತಿಳಿಯಬಹುದು. ಉಜಿ ಎಂಬ ಹೆಸರಿಗೆ ಶತಮಾನಗಳ ಕೀರ್ತಿಯಿದೆ, ಆ ಕೀರ್ತಿಗೂ ನೀವು ಹಣ ಕೊಡಬೇಕಾಗುತ್ತದೆ. ಕಾಗೊಶಿಮಾದಲ್ಲಿ ತೋಟಗಳು ಬಹುತೇಕ ಸಮತಟ್ಟಾದ ನೆಲದಲ್ಲಿದ್ದು ಕೊಯ್ಲು ಯಂತ್ರಗಳಿಂದ ನಡೆಯುವುದರಿಂದ ಖರ್ಚು ಕಡಿಮೆ. 2024ರಲ್ಲಿ ಆ ಪ್ರಾಂತ್ಯ ಉತ್ಪಾದನೆಯಲ್ಲಿ ಬಹುಕಾಲದಿಂದ ಮೊದಲ ಸ್ಥಾನದಲ್ಲಿದ್ದ ಶಿಜುವೊಕಾವನ್ನೂ ಹಿಂದಿಕ್ಕಿತು. ದಿನಬಳಕೆಗೆ ಸೆಂಚಾವೇ ಬೇಕೆಂದರೆ ಕಾಗೊಶಿಮಾದ್ದನ್ನು, ಇಲ್ಲವೇ ಶಿಜುವೊಕಾದ ಮಾಕಿನೊಹಾರಾ ಪ್ರಸ್ಥಭೂಮಿಯ ಫುಕಾಮುಶಿ ಸೆಂಚಾವನ್ನು ಆರಿಸಿ. ಫುಕಾಮುಶಿ ಎಂದರೆ ಎಲೆಯನ್ನು ಮಾಮೂಲಿಗಿಂತ ಎರಡು ಮೂರು ಪಟ್ಟು ಹೊತ್ತು ಹಬೆಯಲ್ಲಿ ಬೇಯಿಸಿದ್ದು. ಎಲೆ ಪುಡಿಪುಡಿಯಾಗಿ ಕಂಡರೂ ಅದು ದೋಷವಲ್ಲ. ಒಗರು ತಗ್ಗಿ, ಬಟ್ಟಲಿನಲ್ಲಿ ದಟ್ಟ ಹಸಿರು ಇಳಿಯುತ್ತದೆ.

ನಮ್ಮ ದೇಶದ ಹಸಿರು ಚಹಾ ಬೇಡವೇ ಎಂದು ಕೆಲವರು ಕೇಳಬಹುದು. ಅಸ್ಸಾಂ ಜಾತಿಯ ಗಿಡದ ಎಲೆಯಲ್ಲಿ ಕ್ಯಾಟೆಚಿನ್ ಹೆಚ್ಚಾಗಿರುವುದರಿಂದ ಅದರ ಹಸಿರು ಚಹಾ ಕಹಿಯಾಗುವುದು ಸಹಜ. ನೀವು ಅಂಗಡಿಯಿಂದ ತಂದದ್ದು ಹಾಗಿದ್ದಿರಬಹುದು. ಹಿಮಾಚಲ ಪ್ರದೇಶದ ಕಾಂಗ್ರಾ ಕಣಿವೆಯ ಗಿಡಗಳು ಚೀನಾ ಜಾತಿಯವು. ಅಲ್ಲಿನ ಹಸಿರು ಚಹಾ ಜಪಾನಿನದರ ಹಾಗೆ ಇರುವುದಿಲ್ಲ, ಆದರೆ ತಿಂಗಳ ಕೊನೆಗೆ ಡಬ್ಬಿ ಖಾಲಿಯಾದಾಗ ಅದು ನಿಮಗೆ ನಿರಾಸೆ ಮಾಡಲಾರದು.

ಇನ್ನು ತಯಾರಿಕೆ. ಸೆಂಚಾ ಮತ್ತು ಕುಕಿಚಾಕ್ಕೆ ಕುದಿಯುವ ನೀರು ಸಲ್ಲದು, 70ರಿಂದ 80 ಡಿಗ್ರಿ ಬಿಸಿ ಸಾಕು. ಥರ್ಮಾಮೀಟರ್ ಬೇಕಿಲ್ಲ. ಕುದಿದ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದು ತಣ್ಣನೆಯ ಪಾತ್ರೆಗೆ ಸುರಿದಾಗಲೆಲ್ಲ ಬಿಸಿ ಸುಮಾರು 10 ಡಿಗ್ರಿ ಇಳಿಯುತ್ತದೆ. ಕೆಟಲ್‌ನಿಂದ ಲೋಟಕ್ಕೆ, ಲೋಟದಿಂದ ಬಟ್ಟಲಿಗೆ ಸುರಿದರೆ ನೀರು ಹದಕ್ಕೆ ಬರುತ್ತದೆ. ಅದನ್ನು ಎಲೆಯ ಮೇಲೆ ಹಾಕಿ, ಒಂದು ನಿಮಿಷ ಬಿಟ್ಟು, ಕೊನೆಯ ಹನಿಯವರೆಗೂ ಸೋಸಿಬಿಡಿ, ಏಕೆಂದರೆ ಎಲೆಯಲ್ಲಿ ನೀರು ನಿಂತರೆ ಎರಡನೆಯ ಬಟ್ಟಲು ಕಹಿಯಾಗುತ್ತದೆ. ಎರಡನೆಯ ನೀರು ಇನ್ನಷ್ಟು ಬಿಸಿಯಿರಲಿ, ಹತ್ತು ಹದಿನೈದು ಸೆಕೆಂಡು ಸಾಕು.

ಬೇಸಿಗೆಯಲ್ಲಿ ಮಾತ್ರ ನಾನು ಬೇರೆಯ ದಾರಿ ಹಿಡಿಯುತ್ತೇನೆ. ಒಂದು ಲೀಟರ್ ಕುಡಿಯುವ ನೀರಿಗೆ 10 ಗ್ರಾಂ ಎಲೆ ಹಾಕಿ ಮುಚ್ಚಿ ಫ್ರಿಜ್‌ನಲ್ಲಿ ನಾಲ್ಕೈದು ಗಂಟೆ ಇಟ್ಟು ಸೋಸಿದರೆ, ತಣ್ಣೀರಿನಲ್ಲಿ ಕೆಫೀನೂ ಒಗರೂ ಕಡಿಮೆ ಇಳಿಯುವುದರಿಂದ, ಎರಡನೆಯ ಕೊಯ್ಲಿನ ಸಾಧಾರಣ ಸೆಂಚಾ ಕೂಡ ಸೌಮ್ಯವಾದ ಪಾನೀಯವಾಗುತ್ತದೆ. ಏಪ್ರಿಲ್, ಮೇ ತಿಂಗಳಿನ ದಾವಣಗೆರೆಯ ಮಧ್ಯಾಹ್ನಕ್ಕೆ ಇದಕ್ಕಿಂತ ಹಿತವಾದದ್ದು ನನಗೆ ಗೊತ್ತಿಲ್ಲ. ಅದೇ ದಿನ ಕುಡಿದು ಮುಗಿಸಿ.

ಅದೇ ಬೇಸಿಗೆ ಎಲೆಗೆ ಶತ್ರು. ಒಲೆಯ ಮೇಲಿನ ಕಪಾಟಿನಲ್ಲಿಟ್ಟ ನನ್ನದೇ ಒಂದು ಪೊಟ್ಟಣ ಮೂರು ವಾರಗಳಲ್ಲಿ ಹಳದಿಗೆ ತಿರುಗಿದ್ದನ್ನು ಕಂಡ ಮೇಲೆ ನೂರು ಗ್ರಾಂಗಿಂತ ದೊಡ್ಡ ಪೊಟ್ಟಣ ಕೊಳ್ಳುವುದನ್ನು ಬಿಟ್ಟೆ. ತೆರೆದ ಪೊಟ್ಟಣವನ್ನು ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿಟ್ಟು ತಿಂಗಳೊಳಗೆ ಮುಗಿಸಿ. ತೆರೆಯದ ಪೊಟ್ಟಣ ಫ್ರಿಜ್‌ನಲ್ಲಿರಲಿ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಕತ್ತರಿಸಬೇಡಿ, ಇಲ್ಲದಿದ್ದರೆ ಎಲೆಯ ಮೇಲೆ ಪಸೆ ಕೂರುತ್ತದೆ. ಮಸಾಲೆ ಡಬ್ಬಿಯ ಹತ್ತಿರವಂತೂ ಇಡಲೇಬೇಡಿ, ಚಹಾ ಎಲೆ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರುತ್ತದೆ.

ಪ್ರಶ್ನೆ: ದಿನವೂ ಬೆಳಿಗ್ಗೆ ಮಾಚಾ ಕುಡಿಯಬೇಕೆಂದಿದ್ದೇನೆ. ‘ಸೆರೆಮೋನಿಯಲ್ ಗ್ರೇಡ್’ (ಚಹಾ ಸಮಾರಂಭಕ್ಕೆ ತಕ್ಕ ದರ್ಜೆ) ಎಂದು ಬರೆದಿರುವುದನ್ನೇ ಕೊಳ್ಳಬೇಕೇ?
— ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಆ ಮಾತಿಗೆ ಯಾವ ಅಧಿಕೃತ ಮಾನದಂಡವೂ ಇಲ್ಲ, ಯಾರು ಬೇಕಾದರೂ ಡಬ್ಬಿಯ ಮೇಲೆ ಅಚ್ಚು ಹಾಕಿಸಬಹುದು. ಕೊಯ್ಲಿಗೆ ಮುಂಚೆ ಕೆಲವು ವಾರ ಗಿಡಗಳಿಗೆ ನೆರಳು ಕಟ್ಟಿ, ಒಣಗಿದ ಎಲೆಯ ನಾರು ದೇಟು ತೆಗೆದು, ಕಲ್ಲಿನಲ್ಲಿ ಬೀಸಿ ಮಾಡುವ ಪುಡಿ ಮಾಚಾ; ಒಂದು ಬೀಸುಕಲ್ಲಿನಿಂದ ಗಂಟೆಗೆ ಬರುವುದು ಸುಮಾರು 40 ಗ್ರಾಂ ಮಾತ್ರ. ಇಂಥ ಸರಕು ಅಗ್ಗವಾಗಲು ಸಾಧ್ಯವಿಲ್ಲ, ಸಾಲದ್ದಕ್ಕೆ ಜಗತ್ತಿನ ಬೇಡಿಕೆ ಏರಿ 2024ರಿಂದ ಜಪಾನಿನಲ್ಲಿಯೇ ಅದರ ಕೊರತೆಯಾಗಿ ಬೆಲೆ ಹೆಚ್ಚಿದೆ. ನಿಮ್ಮ ಕೈಖರ್ಚಿನ ಹಣದಲ್ಲಿ ದಿನವೂ ಕುಡಿಯಲು ಮಾಚಾ ತಕ್ಕುದಲ್ಲವೆಂದು ನೇರವಾಗಿಯೇ ಹೇಳುತ್ತೇನೆ. ಅದೇ ಹಣಕ್ಕೆ ಒಳ್ಳೆಯ ಗೆನ್ಮಾಯ್‌ಚಾ ತಿಂಗಳುಗಟ್ಟಲೆ ಬರುತ್ತದೆ.

ಪ್ರಶ್ನೆ: ದುಬಾರಿ ಸೆಂಚಾ ತರಿಸಿದರೂ ನಮ್ಮ ಮನೆಯಲ್ಲಿ ಬಣ್ಣ ಮಂಕಾಗಿ, ಮೇಲೆ ಕೆನೆಯಂಥ ಪೊರೆ ಕಟ್ಟುತ್ತದೆ. ನಮ್ಮದು ಬೋರ್‌ವೆಲ್ ನೀರು. ತಪ್ಪು ಚಹಾದ್ದೋ, ನೀರಿನದ್ದೋ?
— ಗೃಹಿಣಿ, ಚಿತ್ರದುರ್ಗ

ಉತ್ತರ: ನೀರಿನದ್ದು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಚಹಾದ ಸತ್ವಗಳೊಡನೆ ಕೂಡಿ ಆ ಪೊರೆ ಕಟ್ಟುತ್ತದೆ, ಪರಿಮಳವನ್ನೂ ಅಡಗಿಸುತ್ತದೆ. ಜಪಾನಿನ ನೀರು ಬಹುಪಾಲು ಮೃದುವಾದದ್ದು, ಅಲ್ಲಿನ ಚಹಾ ಬೆಳೆದುಬಂದದ್ದೇ ಆ ನೀರಿಗೆ ಹೊಂದಿಕೊಂಡು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕೂರುತ್ತಿದ್ದರೆ ಆ ನೀರಿಗೆ ಸೆಂಚಾ ಹಾಕಬೇಡಿ.

ಚಿತ್ರದುರ್ಗದವರಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು. ನಿಮ್ಮ ಜಿಲ್ಲೆಯ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ, ಮತ್ತು ಕುದಿಸುವುದರಿಂದ ಅದು ಹೋಗುವುದಿಲ್ಲ. ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಚಹಾ ಗಿಡವೂ ಮಣ್ಣಿನಿಂದ ಫ್ಲೋರೈಡ್ ಹೀರಿಕೊಂಡು ಎಲೆಯಲ್ಲಿ ಕೂಡಿಡುತ್ತದೆ, ಎಲೆ ಬಲಿತಷ್ಟೂ ಅದು ಹೆಚ್ಚು. ಮೇಲೆ ನಾನು ದಿನಬಳಕೆಗೆಂದು ಹೊಗಳಿದ ಬಂಚಾ ಮತ್ತು ಹೋಜಿಚಾ ಬಲಿತ ಎಲೆಯವು. ಆದ್ದರಿಂದ ಶೋಧಿಸದ ಕೊಳವೆಬಾವಿಯ ನೀರಿನಲ್ಲಿ ಅವನ್ನು ದಿನವಿಡೀ ಕುಡಿಯುವುದನ್ನು ನಾನು ಖಂಡಿತ ಬೇಡವೆನ್ನುತ್ತೇನೆ. ಊರಿನ ಶುದ್ಧ ನೀರಿನ ಘಟಕದಿಂದಲೋ ಮನೆಯ ಆರ್‌ಒ ಯಂತ್ರದಿಂದಲೋ ಬಂದ ನೀರನ್ನು ಬಳಸಿ. ಎಳೆ ಎಲೆಯ ಸೆಂಚಾ ಅಥವಾ ಅದರಿಂದ ಮಾಡಿದ ಗೆನ್ಮಾಯ್‌ಚಾವನ್ನು ಆರಿಸಿಕೊಳ್ಳಿ. ಮನೆಯಲ್ಲಿ ರಕ್ತಹೀನತೆಗೆ ಚಿಕಿತ್ಸೆ ಪಡೆಯುತ್ತಿರುವವರಿದ್ದರೆ ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆಯ ಅಂತರವಿರಲಿ, ಚಹಾ ಸೊಪ್ಪು ಕಾಳುಗಳಲ್ಲಿನ ಕಬ್ಬಿಣಾಂಶ ಮೈಗೆ ಹತ್ತುವುದನ್ನು ತಡೆಯುತ್ತದೆ.

ನಿಮ್ಮಲ್ಲಿ ಈಗಿರುವ ಸೆಂಚಾವನ್ನು ಕೆಟ್ಟದ್ದೆಂದು ಬದಿಗಿಡುವ ಮೊದಲು ಒಂದು ಪರೀಕ್ಷೆ ಮಾಡಿ. ಒಂದೇ ತೂಕದ ಎಲೆಯನ್ನು ಎರಡು ಬಿಳಿ ಬಟ್ಟಲುಗಳಿಗೆ ಹಾಕಿ, ಒಂದಕ್ಕೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಶುದ್ಧೀಕರಿಸಿದ ನೀರನ್ನು ಒಂದೇ ಹದದ ಬಿಸಿಯಲ್ಲಿ ಸುರಿದು, ಒಂದು ನಿಮಿಷದ ನಂತರ ಕಿಟಕಿಯ ಬೆಳಕಿನಲ್ಲಿ ಎರಡರ ಬಣ್ಣವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ.