ಮನೆಯೊಳಗಿನ ಗಿಡಕ್ಕೆ ಯಾವ ಗೊಬ್ಬರ? ಪ್ಯಾಕೆಟ್ ಮೇಲಿನ ಅಂಕೆಗಳನ್ನು ಓದುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಮಂಗಳೂರಿನ ಬಿಜೈಯ ಫ್ಲ್ಯಾಟ್‌ನಲ್ಲಿ ಮನಿ ಪ್ಲಾಂಟ್, ಪೀಸ್ ಲಿಲಿ, ಸ್ನೇಕ್ ಪ್ಲಾಂಟ್ ಇಟ್ಟಿದ್ದೀರಿ. ಅಂಗಡಿಗೆ ಹೋದರೆ 19:19:19, 12:61:00, 00:52:34 ಅಂತ ಬರೆದ ಪ್ಯಾಕೆಟ್‌ಗಳು, ಪಕ್ಕದಲ್ಲೇ ‘ಆರ್ಗಾನಿಕ್’ ಬಾಟಲಿಗಳು. ದೊಡ್ಡ ಅಂಕೆ ಇದ್ದದ್ದೇ ಒಳ್ಳೆಯದಾ? ಪೀಸ್ ಲಿಲಿ ಹೂ ಬಿಡಲು ಯಾವುದು ಹಾಕಬೇಕು?

ದೊಡ್ಡ ಅಂಕೆಗೂ ಒಳ್ಳೆಯ ಗೊಬ್ಬರಕ್ಕೂ ಸಂಬಂಧವಿಲ್ಲ. ಆ ಅಂಕೆ ಹೇಳುವುದು ಪ್ಯಾಕೆಟ್ಟಿನೊಳಗೆ ಏನು ಎಷ್ಟು ಉಂಟು ಎಂಬುದನ್ನು ಮಾತ್ರ. ನಿಮ್ಮ ಗಿಡಕ್ಕೆ ಎಷ್ಟು ಬೇಕು ಎಂಬುದು ಅದರಲ್ಲಿ ಬರೆದಿರುವುದಿಲ್ಲ, ಬರೆದಿದ್ದರೂ ಅದು ಹೊಲ-ತೋಟದ ಲೆಕ್ಕ.

ನಾನು ಬ್ರಹ್ಮಾವರದ ಕಡೆಯವಳು. ಈ ಅಂಕೆಗಳು ನನ್ನ ಕಿವಿಗೆ ಮೊದಲು ಬಿದ್ದದ್ದು ಅಡಿಕೆ ತೋಟದಲ್ಲಿ. ಫಲ ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 100:40:140 ಎಂದು ಶಿಫಾರಸು. ಅಂದರೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಆದರೆ ಅಪ್ಪ ಮರದ ಬುಡಕ್ಕೆ ಹಾಕುತ್ತಿದ್ದದ್ದು 220 ಗ್ರಾಂ ಯೂರಿಯಾ. ಚಿಕ್ಕವಳಿದ್ದಾಗ ನನಗೆ ಇದು ಅರ್ಥವೇ ಆಗುತ್ತಿರಲಿಲ್ಲ, ನೂರು ಅಂತ ಹೇಳಿ ಇನ್ನೂರಿಪ್ಪತ್ತು ಯಾಕೆ? ಯೂರಿಯಾದಲ್ಲಿ ಸಾರಜನಕ ಇರುವುದು ನೂರಕ್ಕೆ 46 ಪಾಲು. 100 ಗ್ರಾಂ ಸಾರಜನಕ ಸಿಗಬೇಕಾದರೆ ಸುಮಾರು 217 ಗ್ರಾಂ ಯೂರಿಯಾ ಬೇಕು. ಲೇಬಲ್ ಓದುವ ಗಣಿತ ಇಷ್ಟೇ. ಪ್ಯಾಕೆಟ್ ಮೇಲಿನದ್ದು ತೂಕದ ಶೇಕಡಾವಾರು, ಗಿಡಕ್ಕೆ ಬೇಕಾದದ್ದು ಗ್ರಾಂ. ಒಂದರಿಂದ ಇನ್ನೊಂದನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು.

ಮೂರು ಅಂಕೆಗಳ ಕ್ರಮ ಎಲ್ಲ ಪ್ಯಾಕೆಟ್‌ಗಳಲ್ಲೂ ಒಂದೇ: ಸಾರಜನಕ, ರಂಜಕ, ಪೊಟ್ಯಾಷ್. ಸಾರಜನಕ ಎಲೆಗೆ, ರಂಜಕ ಬೇರಿಗೆ, ಪೊಟ್ಯಾಷ್ ಹೂವಿಗೆ ಎಂದು ಹೇಳಿಕೊಡುತ್ತಾರಲ್ಲ, ಅದನ್ನು ಪೂರ್ತಿ ನಂಬಬೇಡಿ. ಮೂರೂ ಗಿಡದ ಎಲ್ಲ ಭಾಗಕ್ಕೂ ಬೇಕು. ಇನ್ನೊಂದು ಸೂಕ್ಷ್ಮ ಉಂಟು. ಎರಡನೆಯ ಮತ್ತು ಮೂರನೆಯ ಅಂಕೆಗಳನ್ನು ಹಳೆಯ ಪದ್ಧತಿಯಂತೆ ಆಕ್ಸೈಡ್ ಲೆಕ್ಕದಲ್ಲಿ, ಅಂದರೆ ಆಮ್ಲಜನಕದ ತೂಕವನ್ನೂ ಸೇರಿಸಿ ಬರೆಯುತ್ತಾರೆ. ಹಾಗಾಗಿ 19:19:19ರಲ್ಲಿ ನಿಜವಾದ ರಂಜಕ ಸುಮಾರು ಶೇ 8.3, ಪೊಟ್ಯಾಸಿಯಂ ಸುಮಾರು ಶೇ 15.8. ಹೊರಗಿಂದ ಸಮಸಮ ಕಂಡರೂ ಒಳಗೆ ಸಮ ಇಲ್ಲ. ಮೂರನ್ನೂ ಕೂಡಿಸಿ 57 ಬಂದರೆ ಉಳಿದ 43 ಮೋಸದ ಕಲಬೆರಕೆಯೂ ಅಲ್ಲ. ಲವಣ ಅಂದ ಮೇಲೆ ಅದರಲ್ಲಿ ಆಮ್ಲಜನಕ, ಜಲಜನಕ ಎಲ್ಲ ಇರಲೇಬೇಕು. ಅಪ್ಪಟ ಯೂರಿಯಾದಲ್ಲೇ ಅರ್ಧಕ್ಕಿಂತ ಹೆಚ್ಚು ತೂಕ ಸಾರಜನಕದ್ದಲ್ಲ.

ಎಲೆ ನೋಡುವ ಒಳಾಂಗಣ ಗಿಡಗಳಿಗೆ ಹೆಚ್ಚು ಹೊಂದುವ ಅನುಪಾತ 3:1:2. ಅದೇ ಅಂಕೆ ಬೇಕೆಂದೇನಿಲ್ಲ, 9:3:6 ಇದ್ದರೂ ಅದೇ ಅನುಪಾತ. ಅದು ಸಿಗದಿದ್ದರೆ ನಮ್ಮ ಗೊಬ್ಬರದಂಗಡಿಗಳಲ್ಲಿ ಸುಲಭವಾಗಿ ಸಿಗುವ, ನೀರಿನಲ್ಲಿ ಪೂರ್ತಿ ಕರಗುವ 19:19:19 ಸಾಕು. ನಾನು ಬಳಸುವುದೂ ಅದೇ. ಅದರಲ್ಲಿ ರಂಜಕ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚಾಯಿತು, ಆದರೆ ತೆಳುವಾಗಿ ಕೊಟ್ಟರೆ ತೊಂದರೆ ಆಗಿದ್ದು ನಾನು ಕಂಡಿಲ್ಲ.

ಈ ‘ತೆಳುವಾಗಿ’ ಎಂಬುದನ್ನು ನಾನು ಕಲಿತದ್ದು ಮೂರು ಪೀಸ್ ಲಿಲಿಗಳಲ್ಲಿ ಎರಡನ್ನು ಕಳೆದುಕೊಂಡು. ಪ್ಯಾಕೆಟ್ ಹಿಂದೆ ‘ಲೀಟರಿಗೆ 5 ಗ್ರಾಂ’ ಅಂತ ಇತ್ತು. ಅದು ಹೊಲದ ಬೆಳೆಯ ಎಲೆಗೆ ಸಿಂಪಡಿಸುವ ಪ್ರಮಾಣ ಎಂದು ಗಮನಿಸದೆ ವಾರಕ್ಕೊಮ್ಮೆ ಕುಂಡಕ್ಕೇ ಹೊಯ್ದೆ. ಮೊದಲು ಎಲೆಯ ತುದಿ ಕಂದಾಯಿತು. ನೀರು ಕಡಿಮೆಯಾಯಿತೇನೋ ಎಂದುಕೊಂಡು ಇನ್ನಷ್ಟು ಗೊಬ್ಬರದ ನೀರು ಕೊಟ್ಟೆ. ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದ್ದು ಕಂಡಾಗ ಬೇರು ಆಗಲೇ ಸುಟ್ಟಿತ್ತು. ಉಳಿದ ಒಂದನ್ನು ಬಚ್ಚಲಿಗೆ ಕೊಂಡುಹೋಗಿ, ಕುಂಡದ ಗಾತ್ರದ ಮೂರು ಪಟ್ಟು ನೀರು ನಿಧಾನವಾಗಿ ಹೊಯ್ದು, ಎಲ್ಲ ಕೆಳಗೆ ಬಸಿದುಹೋಗಲು ಬಿಟ್ಟೆ. ಅದು ಈಗಲೂ ನಮ್ಮ ಚಾವಡಿಯಲ್ಲಿ ಉಂಟು.

ಲೆಕ್ಕ ನೋಡಿ: 19:19:19ನ್ನು ಲೀಟರಿಗೆ 5 ಗ್ರಾಂ ಹಾಕಿದರೆ ಸಾರಜನಕವೇ 950 ಪಿಪಿಎಂ, ಅಂದರೆ ಲೀಟರಿಗೆ 950 ಮಿಲಿಗ್ರಾಂ. ಕಿಟಕಿಯ ಪಕ್ಕದ ಗಿಡಕ್ಕೆ 50ರಿಂದ 100 ಪಿಪಿಎಂ ಸಾಕು, ಅಂದರೆ ಲೀಟರಿಗೆ ಹೆಚ್ಚೆಂದರೆ ಅರ್ಧ ಗ್ರಾಂ. ಅರ್ಧ ಗ್ರಾಂ ತೂಗುವ ತಕ್ಕಡಿ ಮನೆಯಲ್ಲಿರುವುದಿಲ್ಲ. ಅದಕ್ಕೆ ನಾನು ಹೀಗೆ ಮಾಡುತ್ತೇನೆ: ಒಂದು ಚಹಾ ಚಮಚ ಮಟ್ಟಸವಾಗಿ ತುಂಬಿದರೆ ಸುಮಾರು 5 ಗ್ರಾಂ. ಅದನ್ನು ಒಂದು ಲೀಟರ್ ಬಾಟಲಿಯಲ್ಲಿ ಕರಗಿಸುವುದು. ಅದರಿಂದ 100 ಮಿಲಿ ತೆಗೆದು, ನೀರು ಸೇರಿಸಿ ಒಂದು ಲೀಟರ್ ಮಾಡಿದರೆ ಸರಿಯಾಗಿ ಅರ್ಧ ಗ್ರಾಂ. ಉಳಿದದ್ದನ್ನು ಇಟ್ಟುಕೊಳ್ಳದೆ ಅಂಗಳದ ದಾಸವಾಳಕ್ಕೋ ಬಾಳೆಗೋ, ನಿಮ್ಮ ಹಾಗೆ ಫ್ಲ್ಯಾಟ್ ಆದರೆ ಕೆಳಗಿನ ತೋಟಕ್ಕೋ, ಚೆನ್ನಾಗಿ ನೀರು ಸೇರಿಸಿ ಹೊಯ್ದುಬಿಡಿ. ಇನ್ನೊಂದು ಮಾತು, ಒಣಗಿ ಬಿರುಕು ಬಿಟ್ಟ ಮಣ್ಣಿಗೆ ಗೊಬ್ಬರದ ನೀರು ಹಾಕಬೇಡಿ. ಮೊದಲು ಬರೀ ನೀರು, ಆಮೇಲೆ ಇದು.

ದೊಡ್ಡ ಅಂಕೆಗಳ ಕೆಳಗೆ ಸಣ್ಣ ಅಕ್ಷರದ ಪಟ್ಟಿ ಇರುತ್ತದೆ, ದಯವಿಟ್ಟು ಅದನ್ನು ಓದಿ. ಒಟ್ಟು ಸಾರಜನಕ 19 ಅಂತ ಬರೆದು, ಅದನ್ನು ಬಿಡಿಸಿ ಹೇಳಿರುತ್ತಾರೆ. ನನ್ನ ಪ್ಯಾಕೆಟ್‌ನಲ್ಲಿ ನೈಟ್ರೇಟ್ 4, ಅಮೋನಿಯ ರೂಪ 4.5, ಯೂರಿಯಾ ರೂಪ 10.5. ನೈಟ್ರೇಟನ್ನು ಬೇರು ನೇರವಾಗಿ ಹೀರುತ್ತದೆ. ಯೂರಿಯಾವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಮೊದಲು ಅಮೋನಿಯ ರೂಪಕ್ಕೆ, ಆಮೇಲೆ ನೈಟ್ರೇಟಿಗೆ ತಿರುಗಿಸಬೇಕು. ಚಳಿ ದೇಶದವರು ಇದಕ್ಕಾಗಿಯೇ ಯೂರಿಯಾ ಬೇಡ ಎನ್ನುತ್ತಾರೆ. ನಮ್ಮ ಸೆಕೆಯಲ್ಲಿ, ಮಣ್ಣು-ಕಾಂಪೋಸ್ಟ್ ಬೆರೆತ ಕುಂಡದಲ್ಲಿ ಆ ಕೆಲಸ ಬೇಗ ನಡೆಯುತ್ತದೆ, ಹೆದರಬೇಕಾಗಿಲ್ಲ. ಆದರೆ ನಿಮ್ಮ ಮನಿ ಪ್ಲಾಂಟ್ ಬಾಟಲಿಯ ನೀರಿನಲ್ಲಿದ್ದರೆ ವಿಷಯ ಬೇರೆ. ಅಲ್ಲಿ ಮಣ್ಣಿಲ್ಲ, ಯೂರಿಯಾ ಸರಿಯಾಗಿ ಒದಗುವುದಿಲ್ಲ. ನೈಟ್ರೇಟ್ ಪಾಲು ಹೆಚ್ಚಿರುವುದನ್ನೇ ಹುಡುಕಿ, ಅದೂ ಚಿಟಿಕೆಯಷ್ಟು.

ಅದೇ ಪಟ್ಟಿಯಲ್ಲಿ ಏನಿಲ್ಲ ಎಂಬುದನ್ನೂ ನೋಡಬೇಕು. ಬರೀ 19:19:19ರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ. ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು, ಅಲ್ಲಿ ನೀರಿನಿಂದಲೇ ಇವು ಒಂದಷ್ಟು ಸಿಗುತ್ತವೆ. ನಮ್ಮ ಮುರಕಲ್ಲಿನ ಬಾವಿಯ ನೀರು ಮೆದು, ಅದರಲ್ಲಿ ಇವು ಕಡಿಮೆ. ಹಳೆಯ ಎಲೆಗಳು ನರ ಹಸಿರಾಗಿಯೇ ಉಳಿದು ನಡುವೆ ಹಳದಿಯಾದರೆ ಮೆಗ್ನೀಸಿಯಂ ಕೊರತೆ ಇರಬಹುದು. ಎಪ್ಸಂ ಸಾಲ್ಟ್, ಅಂದರೆ ಮೆಗ್ನೀಸಿಯಂ ಸಲ್ಫೇಟ್, ಲೀಟರಿಗೆ ಒಂದು ಗ್ರಾಂ, ತಿಂಗಳಿಗೊಮ್ಮೆ ಕೊಟ್ಟು ನೋಡಿ. ಕ್ಯಾಲ್ಸಿಯಂ ನೈಟ್ರೇಟ್ ಕೊಡುವುದಾದರೆ ಬೇರೆ ದಿನ, ಬೇರೆ ನೀರಿನಲ್ಲಿ. ರಂಜಕದ ಗೊಬ್ಬರದ ಜೊತೆಗೋ ಎಪ್ಸಂ ಜೊತೆಗೋ ಗಟ್ಟಿ ದ್ರಾವಣದಲ್ಲಿ ಬೆರೆಸಿದರೆ ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತದೆ, ಗಿಡಕ್ಕೆ ಸೇರುವುದಿಲ್ಲ. ಕಡಲ ಬದಿಯ ಕೆಲವು ಬಾವಿಗಳು ಏಪ್ರಿಲ್-ಮೇಯಲ್ಲಿ ಉಪ್ಪಾಗುತ್ತವಲ್ಲ, ಅಂಥ ನೀರು ಹಾಕುವ ದಿನಗಳಲ್ಲಿ ಗೊಬ್ಬರವನ್ನೇ ಬಿಡಿ.

ಈಗ ಹೂವಿನ ಪ್ರಶ್ನೆ. 12:61:00 ಅಂದರೆ ಮೋನೋ ಅಮೋನಿಯಂ ಫಾಸ್ಫೇಟ್, 00:52:34 ಅಂದರೆ ಮೋನೋ ಪೊಟ್ಯಾಸಿಯಂ ಫಾಸ್ಫೇಟ್. ಎರಡೂ ಹೊಲ-ತೋಟದವರಿಗೆ ಉಪಯೋಗದ ಒಳ್ಳೆಯ ಗೊಬ್ಬರಗಳೇ. ನಮ್ಮ ಕೆಂಪು ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಂಡು ಬಿಡದ ಕಾರಣ ಅಲ್ಲಿ ರಂಜಕದ ಚಿಂತೆಗೆ ಅರ್ಥವಿದೆ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತುಂಬಿದ ಕುಂಡದಲ್ಲಿ ಹಾಗೆ ಹಿಡಿಯುವ ಮಣ್ಣೇ ಇಲ್ಲ. ಅಲ್ಲಿ ರಂಜಕ ಸುರಿದರೆ ಹೂ ಬರುವುದಿಲ್ಲ, ಬದಲಿಗೆ ಕಬ್ಬಿಣ, ಸತು ಒದಗದೆ ಹೊಸ ಎಲೆ ಬಿಳಚುತ್ತದೆ. ಪೀಸ್ ಲಿಲಿ ಹೂ ಬಿಡದಿರುವುದಕ್ಕೆ ಹೆಚ್ಚಿನ ಮನೆಗಳಲ್ಲಿ ಕಾರಣ ಬೆಳಕು. ನೆರಳಿನಲ್ಲಿ ಬದುಕುತ್ತದೆ ಅಂದ ಮಾತ್ರಕ್ಕೆ ನೆರಳಿನಲ್ಲಿ ಹೂ ಬಿಡುತ್ತದೆ ಅಂತಲ್ಲ. ಟಿವಿಯ ಮೂಲೆಯಿಂದ ತೆಗೆದು, ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ ಇಡಿ. ಆ 00:52:34ರ ದುಡ್ಡು ಉಳಿಯಿತು.

ಕಾಲದ ವಿಷಯದಲ್ಲಿ ನಾನು ಒತ್ತಿ ಹೇಳಬೇಕಾದದ್ದು ಉಂಟು. ಹೊರದೇಶದ ವಿಡಿಯೋಗಳಲ್ಲಿ ‘ಚಳಿಗಾಲದಲ್ಲಿ ಗೊಬ್ಬರ ನಿಲ್ಲಿಸಿ’ ಎನ್ನುತ್ತಾರೆ. ಅದನ್ನು ಕೇಳಿ ಇಲ್ಲಿಯವರು ಡಿಸೆಂಬರ್‌ನಲ್ಲಿ ನಿಲ್ಲಿಸಿ ಜುಲೈಯಲ್ಲಿ ಕೊಡುತ್ತಾರೆ, ತಲೆಕೆಳಗು. ಮಂಗಳೂರು-ಉಡುಪಿಯಲ್ಲಿ ಡಿಸೆಂಬರ್ ಅಂದರೆ ತಿಳಿ ಆಕಾಶ, ಹಿತವಾದ ಸೆಕೆ, ಗಿಡ ಬೆಳೆಯುವ ಕಾಲ. ಗಿಡ ಸುಮ್ಮನಾಗುವುದು ಮಳೆಗಾಲದಲ್ಲಿ, ಅದರಲ್ಲೂ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ದಿನಗಟ್ಟಲೆ ಮೋಡ ಕವಿದು ಮಧ್ಯಾಹ್ನವೇ ಮನೆಯೊಳಗೆ ದೀಪ ಹಾಕುವಾಗ. ಬೆಳಕಿಲ್ಲದೆ ಬೆಳೆಯದ ಗಿಡ ಗೊಬ್ಬರ ತಿನ್ನುವುದಿಲ್ಲ, ಅದು ಮಣ್ಣಿನಲ್ಲೇ ಉಪ್ಪಾಗಿ ಉಳಿಯುತ್ತದೆ. ನಾನು ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಒಳಗಿನ ಗಿಡಗಳಿಗೆ ಏನೂ ಕೊಡುವುದಿಲ್ಲ.

ಆರ್ಗಾನಿಕ್ ಬಗ್ಗೆ: ಎರೆಗೊಬ್ಬರದಲ್ಲಿ ಸಾರಜನಕ ಸುಮಾರು ಶೇ 1, ಬೇವಿನ ಹಿಂಡಿಯಲ್ಲಿ ಅದಕ್ಕಿಂತ ಮೂರು-ನಾಲ್ಕು ಪಟ್ಟು. ಅಂಕೆ ಸಣ್ಣದಾದರೂ ಇವು ನಿಧಾನವಾಗಿ ಒದಗುತ್ತವೆ, ಮಣ್ಣನ್ನು ಹಗುರ ಮಾಡುತ್ತವೆ, ಬೇರು ಸುಡುವ ಭಯ ಕಡಿಮೆ. ಕುಂಡ ಬದಲಿಸುವಾಗ ನಾಲ್ಕರಲ್ಲಿ ಒಂದು ಪಾಲು ಎರೆಗೊಬ್ಬರ ಬೆರೆಸುವುದು ನನ್ನ ರೂಢಿ. ಊರ ಹಟ್ಟಿಗೊಬ್ಬರವನ್ನು ಫ್ಲ್ಯಾಟ್‌ನೊಳಗೆ ತರಬೇಡಿ, ಮಳೆಗಾಲದಲ್ಲಿ ಸಣ್ಣ ಕಪ್ಪು ನೊಣಗಳು ಮನೆ ತುಂಬುತ್ತವೆ. ಇನ್ನು ‘ಪ್ಲಾಂಟ್ ಫುಡ್’ ಎಂಬ ಚಂದದ ಬಾಟಲಿ. ಅದರಲ್ಲಿ ಅಂಕೆಯೇ ಇಲ್ಲದಿದ್ದರೆ ಕೊಳ್ಳಬೇಡಿ. ಇದ್ದರೆ ಲೆಕ್ಕ ಹಾಕಿ: ಶೇ 2 ಸಾರಜನಕದ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು ಸುಮಾರು 10 ಗ್ರಾಂ, 19:19:19ರ 100 ಗ್ರಾಂ ಪೊಟ್ಟಣದಲ್ಲಿ 19 ಗ್ರಾಂ. ಕಡಲಕಳೆಯ ಸಾರವನ್ನು ಗೊಬ್ಬರ ಎಂದು ತಿಳಿಯಬೇಡಿ. ಅದು ಜೈವಿಕ ಉತ್ತೇಜಕ, 2021ರಿಂದ ನಮ್ಮ ರಸಗೊಬ್ಬರ ನಿಯಂತ್ರಣ ಆದೇಶದಲ್ಲೂ ಇವಕ್ಕೆ ಬೇರೆಯೇ ವರ್ಗ ಉಂಟು. ಊಟದ ಬದಲಿಗೆ ಅದನ್ನು ಕೊಟ್ಟರೆ ಗಿಡ ಹಸಿದೇ ಇರುತ್ತದೆ.

ಲೇಪನ ಇರುವ, ಗೊಬ್ಬರವನ್ನು ನಿಧಾನವಾಗಿ ಬಿಡುವ ಕಾಳುಗಳು, ಆಸ್ಮೋಕೋಟ್ ತರದವು, ಮರೆಯುವ ಸ್ವಭಾವದವರಿಗೆ ಅನುಕೂಲ. ಆದರೆ ಡಬ್ಬಿಯ ಮೇಲೆ 3-4 ತಿಂಗಳು ಎಂದಿದ್ದರೆ ಅದು 21 ಡಿಗ್ರಿ ಉಷ್ಣತೆಯ ಲೆಕ್ಕ. ನಮ್ಮಲ್ಲಿ ಅದಕ್ಕಿಂತ ಬೇಗ ಮುಗಿಯುತ್ತದೆ, ಸೆಕೆ ಜಾಸ್ತಿಯಾದಷ್ಟೂ ಗೊಬ್ಬರ ಬೇಗ ಹೊರಬರುತ್ತದೆ. ಹಾಗಾಗಿ ಹೇಳಿದ್ದಕ್ಕಿಂತ ಕಡಿಮೆ ಹಾಕಿ.

ಅಂಗಡಿಯಲ್ಲಿ ಬಿಡಿಯಾಗಿ ಅಳೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಡುವುದನ್ನು ತಗೊಳ್ಳಬೇಡಿ, ಅದರಲ್ಲಿ ಓದಲು ಲೇಬಲ್ಲೇ ಇರುವುದಿಲ್ಲ. ಮುಚ್ಚಿದ ಪೊಟ್ಟಣ, ತಯಾರಕರ ಹೆಸರು, ಬ್ಯಾಚ್, ತಾರೀಕು, ನಿವ್ವಳ ತೂಕ ನೋಡಿ ತನ್ನಿ. ಒಡೆದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ, ಮಕ್ಕಳ ಕೈಗೆ ಸಿಗದಲ್ಲಿ ಇಡಿ. ನಮ್ಮ ಮಳೆಗಾಲದ ತೇವಕ್ಕೆ ಒಂದೇ ವಾರದಲ್ಲಿ ಕಲ್ಲಾಗುತ್ತದೆ. ಕಲ್ಲಾದರೂ ಸತ್ವ ಹೋಗುವುದಿಲ್ಲ, ಆದರೆ ಚಮಚದ ಅಳತೆ ತಪ್ಪುತ್ತದೆ.

ನಿಮ್ಮ ಮೂರು ಗಿಡಗಳಿಗೆ ನಾನಾದರೆ ಹೀಗೆ ಮಾಡುತ್ತೇನೆ: 100 ಗ್ರಾಂ 19:19:19 ಒಂದು ಪೊಟ್ಟಣ, ಒಂದು ಕಿಲೋ ಎರೆಗೊಬ್ಬರ. ಮನಿ ಪ್ಲಾಂಟ್ ಮತ್ತು ಪೀಸ್ ಲಿಲಿಗೆ ಅಕ್ಟೋಬರ್‌ನಿಂದ ಮೇ ತನಕ ಹದಿನೈದು ದಿನಕ್ಕೊಮ್ಮೆ ಅರ್ಧ ಗ್ರಾಂನ ನೀರು, ಎರಡು ತಿಂಗಳಿಗೊಮ್ಮೆ ಬರೀ ನೀರಿನಲ್ಲಿ ಕುಂಡ ತೊಳೆಯುವುದು. ಸ್ನೇಕ್ ಪ್ಲಾಂಟಿಗೆ ದೀಪಾವಳಿ ಕಳೆದ ಮೇಲೆ ಒಮ್ಮೆ, ಯುಗಾದಿಯ ಹೊತ್ತಿಗೆ ಒಮ್ಮೆ. ಈಗ ಮನಿ ಪ್ಲಾಂಟಿನ ಎಲೆ ಹಳದಿಯಾಗಿದ್ದರೆ ಗೊಬ್ಬರ ತರುವ ಮೊದಲು ಕುಂಡದ ಮಣ್ಣಿಗೆ ಎರಡು ಇಂಚು ಬೆರಳು ಹಾಕಿ ನೋಡಿ. ಒದ್ದೆಯಾಗಿದ್ದರೆ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಒಂದು ವಾರ ನೀರನ್ನೇ ಹಾಕಬೇಡಿ. ಆಮೇಲೆ ಎಲೆಯ ಎರಡೂ ಬದಿಯ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.