45 ದಾಟಿದವರಿಗೆ ಯಾವ ಸೆಂಟ್ ಒಪ್ಪುತ್ತದೆ? ವಯಸ್ಸಿಗೆ ತಕ್ಕ ಪರ್ಫ್ಯೂಮ್ ಅಂತ ನಿಜಕ್ಕೂ ಇದೆಯಾ?

ನೀವು ಬರೆದದ್ದು ಇಷ್ಟು: ನಿಮಗೆ 46, ಇರುವುದು ಥಾಣೆಯಲ್ಲಿ. ಹುಟ್ಟುಹಬ್ಬಕ್ಕೆ ಗಂಡ ತಂದುಕೊಟ್ಟ ಸೆಂಟ್ ಹಾಕಿಕೊಂಡು ಹೊರಟಾಗ ಕಾಲೇಜಿಗೆ ಹೋಗುವ ಮಗಳು ಮೂಗು ಮುಚ್ಚಿಕೊಂಡು "ಅಮ್ಮಾ, ಅಜ್ಜಿ ವಾಸನೆ" ಅಂದಳು. ವಯಸ್ಸಿಗೆ ತಕ್ಕ ಪರ್ಫ್ಯೂಮ್ ಅಂತ ಇರುತ್ತದಾ, ಇದ್ದರೆ ಯಾವುದು ತೆಗೆದುಕೊಳ್ಳಲಿ ಅಂತ ಕೇಳಿದ್ದೀರಿ.

ಇಲ್ಲ ಅಂತಲೇ ನನ್ನ ಉತ್ತರ. ಆದರೆ ಮೂಗಿಗೂ ಚರ್ಮಕ್ಕೂ ವಯಸ್ಸಾಗುತ್ತದೆ, ಅದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ನಾನು ಮುಂಬಯಿಯ ಒಂದು ಮಾಲಿನಲ್ಲಿ 11 ವರ್ಷ ಪರ್ಫ್ಯೂಮ್ ಕೌಂಟರಿನಲ್ಲಿ ನಿಂತವಳು. ನಿಂತವಳು ಅಂದರೆ ನಿಂತವಳೇ, ಕೂರಲು ಸ್ಟೂಲ್ ಕೊಡುತ್ತಿರಲಿಲ್ಲ. ಗಿರಾಕಿ ಬಂದ ಕೂಡಲೇ ಮುಖ ನೋಡಿ ವಯಸ್ಸು ಅಂದಾಜು ಮಾಡು ಅಂತ ಕೆಲಸಕ್ಕೆ ಸೇರಿದ ಮೊದಲ ವಾರವೇ ಹೇಳಿಕೊಟ್ಟಿದ್ದರು. 25ರ ಒಳಗಿದ್ದರೆ ಹಣ್ಣು, ಸಿಹಿ. ಮೂವತ್ತು ನಲವತ್ತಕ್ಕೆ ಹೂವು. ಐವತ್ತು ದಾಟಿದವರಿಗೆ ಗಂಧ, ಅಂಬರ್, ಪೌಡರಿನ ಹಾಗಿರುವುದು. ಇದರಲ್ಲಿ ಯಾವ ಶಾಸ್ತ್ರವೂ ಇಲ್ಲ. ಇನ್ನೂರು ಬಾಟಲಿ ಎದುರಿಗಿದ್ದರೆ ಜನ ತಲೆ ಕೆಟ್ಟು ಹೋಗಿಬಿಡುತ್ತಾರೆ, ನಾಲ್ಕೇ ಇಟ್ಟರೆ ಒಂದನ್ನು ಕೊಳ್ಳುತ್ತಾರೆ. ಆ ನಾಲ್ಕನ್ನು ಬೇಗ ಸೋಸಿ ತೆಗೆಯಲು ವಯಸ್ಸು ಒಂದು ಜರಡಿ, ಅಷ್ಟೇ.

ಆ ಜರಡಿಗೆ ತೂತು ಮಾಡಿದವರು ನನ್ನ ಅತ್ತೆ.

ಅವರು ಉಡುಪಿ ಹತ್ತಿರದ ಶಂಕರಪುರದವರು, ಮಲ್ಲಿಗೆಯ ಊರು. ಮದುವೆಯಾಗಿ ಡೊಂಬಿವಲಿಗೆ ಬರುವ ತನಕ ಬೆಳಗಾಗುವ ಮುಂಚೆ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ನಾಲ್ಕು ಚೆಂಡಿಗೆ ಒಂದು ಅಟ್ಟೆ ಅಂತ ಎಣಿಸಿ ಕೊಡುತ್ತಿದ್ದರು. (ಅತ್ತೆಯ ಅಟ್ಟೆ ಅನ್ನುವುದು ನಮ್ಮ ಮನೆಯ ಹಳೇ ತಮಾಷೆ.) ಈಗಲೂ ಮಾಟುಂಗಕ್ಕೆ ಹೋದರೆ ಸ್ಟೇಷನ್ ಹೊರಗಿನ ಹೂವಿನವರ ಹತ್ತಿರ ಒಂದು ಮೊಳ ಎತ್ತಿ ಮೂಸಿಬಿಡುತ್ತಾರೆ. ದೇವರಿಗೆ ಹೋಗುವ ಹೂವು, ಮೂಸಬಾರದು ಅಂತ ಅವರು ಬೈಯುತ್ತಾರೆ. ಇವರು "ಇದು ನಮ್ಮದಲ್ಲ" ಅಂತ ವಾಪಸ್ ಇಟ್ಟು ಮುಂದೆ ಹೋಗುತ್ತಾರೆ.

71ನೇ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ನನ್ನ ಕೌಂಟರಿಗೆ ಬಂದರು. ಗಿರಾಕಿಗಳಿರಲಿಲ್ಲ. ಕಲಿತ ಪಾಠದಂತೆ ನಾನು ಮೂರು ಕಾಗದದ ಪಟ್ಟಿಗೆ ಹೊಡೆದು ಕೊಟ್ಟೆ. ಮೊದಲನೆಯದು ಗಂಧ. "ಇದು ಸೋಪು. ಸೋಪು ಮನೆಯಲ್ಲಿ ಉಂಟಲ್ಲ." ಎರಡನೆಯದು ಪೌಡರಿನದು. "ಇದು ಪಾಂಡ್ಸ್ ಡಬ್ಬಿ." ಮೂರನೆಯದು ಮಲ್ಲಿಗೆ. ನಮ್ಮಲ್ಲಿ ಎಲ್ಲಕ್ಕಿಂತ ದುಬಾರಿ, 'ಆಗಷ್ಟೇ ಅರಳಿದ ಮಲ್ಲಿಗೆ' ಅಂತ ನಾನು ದಿನಾ ಹೇಳಿ ಮಾರುತ್ತಿದ್ದದ್ದು. ಅತ್ತೆ ಪಟ್ಟಿಯನ್ನು ಮೂಗಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದರು. "ಇದು ನಿನ್ನೆಯ ಹೂವು. ಫ್ರಿಜ್ಜಿನಲ್ಲಿ ಇಟ್ಟದ್ದು."

ಅವರ ಮೂಗು ಸುಳ್ಳು ಹೇಳಲಿಲ್ಲ. ಮಲ್ಲಿಗೆ ಬಿಸಿ ತಾಳುವ ಹೂವಲ್ಲ, ಅದನ್ನು ಗುಲಾಬಿಯಂತೆ ಆವಿಯಲ್ಲಿ ಬಟ್ಟಿ ಇಳಿಸಿದರೆ ಕಂಪು ಕೆಡುತ್ತದೆ. ಹಾಗಾಗಿ ದ್ರಾವಕದಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ಆ ಸಾರ ಗಾಢವಾಗಿರುತ್ತದೆ, ಬಳ್ಳಿಯ ಮೇಲಿನ ಮೊಗ್ಗಿನ ಹಾಗೆ ತಿಳಿಯಾಗಿರುವುದಿಲ್ಲ. ಜೊತೆಗೆ ಮಲ್ಲಿಗೆಯಲ್ಲೇ ಇಂಡೋಲ್ ಅನ್ನುವ ಒಂದು ಅಂಶ ಇದೆ. ಒಂದಿಷ್ಟೇ ಇದ್ದರೆ ಹೂವಿನ ಘಮ, ಜಾಸ್ತಿಯಾದರೆ ನಾತ. ಮಲದಲ್ಲಿರುವುದೂ ಅದೇ ಇಂಡೋಲ್, ಹೇಳಲು ಸಂಕೋಚ, ಆದರೆ ನಿಜ.

ಆಮೇಲೆ ಅತ್ತೆ ತಾವೇ ಕೈ ಚಾಚಿ ಒಂದು ಗುಲಾಬಿ ಬಣ್ಣದ ಬಾಟಲಿ ಎತ್ತಿಕೊಂಡರು. ವೆನಿಲ್ಲಾ, ಸುಟ್ಟ ಸಕ್ಕರೆ. ಮೂಸಿ ಕಣ್ಣು ಮುಚ್ಚಿದರು. "ಬೆಲ್ಲದ ಪಾಕ ಇದು. ಎಳೆ ಬರುವ ಮುಂಚಿನದ್ದು."

"ಅತ್ತೆ, ಅದು ಕಾಲೇಜು ಹುಡುಗಿಯರದ್ದು."

"ಬೆಲ್ಲ ಯಾವ ಕಾಲೇಜಿಗೆ ಹೋಗ್ತದೆ?"

ಅದನ್ನೇ ಕೊಂಡರು. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹಾಕಿಕೊಂಡು ಹೋದರು. ಪಕ್ಕದಲ್ಲಿ ಕೂತ ಇಬ್ಬರು ಯಾವ ಸೆಂಟ್ ಅಂತ ಕೇಳಿದರಂತೆ, ಇವರು ಹೆಸರು ಹೇಳಲಿಲ್ಲವಂತೆ.

ಈಗ ನಿಮ್ಮ ಮಗಳ 'ಅಜ್ಜಿ ವಾಸನೆ'ಗೆ ಬರೋಣ. ಶನೆಲ್ ನಂಬರ್ 5 ಬಂದದ್ದು 1921ರಲ್ಲಿ. ಆಗ ಅದು ಹೊಸ ಕಾಲದ ಹುಡುಗಿಯರ ಸೆಂಟ್. ಅದರಲ್ಲಿ ಆಲ್ಡಿಹೈಡ್ ಅನ್ನುವ ರಾಸಾಯನಿಕಗಳನ್ನು ಧಾರಾಳವಾಗಿ ಬಳಸಿದ್ದರು, ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಒಂದು ಗರಿಗರಿ ವಾಸನೆ. ಮುಂದೆ ಅದೇ ವಾಸನೆ ಸೋಪಿಗೂ ಪೌಡರಿಗೂ ಇಳಿಯಿತು. ನಿಮ್ಮ ಮಗಳಿಗೆ 1921 ಗೊತ್ತಿಲ್ಲ, ಅಜ್ಜಿಯ ಸೋಪಿನ ಪೆಟ್ಟಿಗೆ ಗೊತ್ತು. ಗಂಡ ತಂದದ್ದು ಅದೇ ಜಾತಿಯ ಆಲ್ಡಿಹೈಡ್, ಐರಿಸ್, ವಯೊಲೆಟ್ ಇರುವ ಸೆಂಟ್ ಇರಬೇಕು ಅಂತ ನನ್ನ ಊಹೆ. ಬಾಕ್ಸಿನ ಹಿಂದೆ ನೋಡಿ.

ಹುಡುಗಿಯರದ್ದು ಅನ್ನುವ ಈ ಸಿಹಿ ವಾಸನೆಯದ್ದೂ ಇದೇ ಕಥೆ. 1992ರಲ್ಲಿ ಮ್ಯೂಗ್ಲರ್ ಕಂಪನಿಯ ಏಂಜೆಲ್ ಬಂತು. ಅದರಲ್ಲಿ ಈಥೈಲ್ ಮಾಲ್ಟಾಲ್ ಎದ್ದು ಕಾಣುತ್ತದೆ. ಅಂದರೆ ನಾವು ಜಾತ್ರೆಯಲ್ಲಿ ತಿನ್ನುತ್ತಿದ್ದ ಬಾಂಬೆ ಮಿಠಾಯಿಯ ವಾಸನೆ. ಅದನ್ನು ಇಪ್ಪತ್ತರಲ್ಲಿ ಹಾಕಿಕೊಂಡವರು ಈಗ ಐವತ್ತು ದಾಟಿದ್ದಾರೆ. 1994ರ ಸಿಕೆ ಒನ್ ಹುಡುಗ ಹುಡುಗಿ ಇಬ್ಬರಿಗೂ ಅಂತ ಬಂದದ್ದು, ಅದನ್ನು ಕಾಲೇಜಿಗೆ ಹಾಕಿಕೊಂಡು ಹೋದವರ ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ. ನಿಮ್ಮ ಮೊಮ್ಮಗಳಿಗೆ ಬಾಂಬೆ ಮಿಠಾಯಿಯೇ ಅಜ್ಜಿ ವಾಸನೆ ಆಗುತ್ತದೆ, ಬೇಕಾದರೆ ಬರೆದಿಟ್ಟುಕೊಳ್ಳಿ. ಗಂಡು ಹೆಣ್ಣಿನ ಭೇದವೂ ಹೀಗೇ. ಗಂಡಸರ ಗಡ್ಡದ ವಾಸನೆ ಅಂತ ನಾವಂದುಕೊಂಡಿರುವ ಓಲ್ಡ್ ಸ್ಪೈಸ್ 1937ರಲ್ಲಿ ಮೊದಲು ಬಂದದ್ದು ಹೆಂಗಸರಿಗೆ. ಗಂಡಸರದ್ದು ಮರು ವರ್ಷ.

ವಯಸ್ಸು ನಿಜವಾಗಿ ಕೆಲಸ ಮಾಡುವುದು ಮೂಗಿನಲ್ಲಿ. 60 ದಾಟಿದ ಮೇಲೆ ತುಂಬಾ ಜನರಿಗೆ ವಾಸನೆ ಹಿಡಿಯುವ ಶಕ್ತಿ ಇಳಿಯುತ್ತದೆ, ಅದು ಅವರಿಗೇ ಗೊತ್ತಾಗುವುದಿಲ್ಲ. ಹಾಗಾಗಿ ಒಂದು ಸಲ ಹೊಡೆಯುವ ಕಡೆ ಐದು ಸಲ ಹೊಡೆಯುತ್ತಾರೆ. ನಮ್ಮ ಸಂಘದಲ್ಲಿ ಒಬ್ಬರು ಹಿರಿಯರಿದ್ದಾರೆ, ಮೊದಲು ಅವರ ಅತ್ತರ್ ಸಭೆಗೆ ಬರುತ್ತದೆ, ಹಿಂದಿನಿಂದ ಅವರು ಬರುತ್ತಾರೆ. ಚಿಕ್ಕವರಿಗೂ ಇನ್ನೊಂದು ತೊಂದರೆ ಇದೆ: ದಿನಾ ಒಂದೇ ಸೆಂಟ್ ಹಾಕಿದರೆ ಮೂಗು ಅದಕ್ಕೆ ಒಗ್ಗಿ ಗಮನಿಸುವುದನ್ನೇ ಬಿಡುತ್ತದೆ. ಮಸ್ಕ್, ಅಂದರೆ ಕಸ್ತೂರಿ ಜಾತಿಯ ಕೆಲವು ವಾಸನೆಗಳಂತೂ ಕೆಲವರಿಗೆ ಹುಟ್ಟಿನಿಂದಲೇ ತಿಳಿಯುವುದಿಲ್ಲ, ಪಕ್ಕದವರಿಗೆ ಮಾತ್ರ ತಲೆನೋವು. ಆದ್ದರಿಂದ ಮೂಗನ್ನು ನಂಬಬೇಡಿ, ಲೆಕ್ಕ ಇಟ್ಟುಕೊಳ್ಳಿ. ಎರಡು ಸಲ ಅಂದರೆ ಎರಡೇ ಸಲ.

ಚರ್ಮದ ವಿಷಯ. ನಿಮ್ಮ ವಯಸ್ಸಿನಿಂದ ಮುಂದೆ ಚರ್ಮ ಒಣಗುತ್ತಾ ಬರುತ್ತದೆ, ಮುಟ್ಟು ನಿಲ್ಲುವ ಹೊತ್ತಿಗೆ ಇನ್ನೂ ಜಾಸ್ತಿ. ಒಣ ಚರ್ಮದಲ್ಲಿ ಸೆಂಟ್ ಬೇಗ ಹಾರುತ್ತದೆ. ಬಾಟಲಿ ಚೆನ್ನಾಗಿಲ್ಲ ಅಂತ ಬೈಯುವ ಮುಂಚೆ ಆ ಜಾಗಕ್ಕೆ ಸ್ವಲ್ಪ ವ್ಯಾಸಲಿನ್ ಸವರಿ ಅದರ ಮೇಲೆ ಹೊಡೆದು ನೋಡಿ. ವಯಸ್ಸಾದ ಮೈಗೆ ಬೇರೆಯೇ ವಾಸನೆ ಇರುತ್ತದೆ ಅನ್ನುವುದೂ ಸುಮ್ನೆ ಮಾತಲ್ಲ. 2001ರಲ್ಲಿ ಜಪಾನಿನ ಸಂಶೋಧಕರು 40 ದಾಟಿದವರ ಮೈಯಲ್ಲಿ 2-ನೊನೆನಾಲ್ ಅನ್ನುವ ಅಂಶ ಕಂಡುಹಿಡಿದರು. ಚರ್ಮದ ಕೊಬ್ಬಿನಂಶ ಗಾಳಿಗೆ ಕೆಡುವುದರಿಂದ ಬರುವ, ಜಿಡ್ಡು ಹುಲ್ಲು ಸೇರಿದಂತಹ ವಾಸನೆ. ಇದಕ್ಕೆ ಹೆದರಿ ಸೆಂಟ್ ಸುರಿದುಕೊಳ್ಳುವವರನ್ನು ಕಂಡಿದ್ದೇನೆ. ಆಗ ಎರಡೂ ಸೇರಿ ಮೂರನೆಯದೊಂದು ಆಗುತ್ತದೆ. ಸ್ನಾನ ಸಾಕು.

ಮತ್ತೆ ನಮ್ಮ ಹವೆ. ಇದಕ್ಕೆ ನನ್ನದೇ ಪೆದ್ದುತನದ ಕಥೆ ಹೇಳುತ್ತೇನೆ. ಕೌಂಟರಿಗೆ ಹೊಸದಾಗಿ ಊದ್, ಅಂದರೆ ಅಗರು ಮರದ ಗಾಢ ವಾಸನೆಯ ಸೆಂಟ್ ಬಂದಿತ್ತು. ಟೆಸ್ಟರ್ ಮನೆಗೆ ತಂದು, ಮೇ ತಿಂಗಳ ಒಂದು ಬೆಳಗ್ಗೆ ನಾಲ್ಕು ಸಲ ಹೊಡೆದುಕೊಂಡು ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿದೆ. ಲೇಡೀಸ್ ಡಬ್ಬಿ, ಕೈ ಎತ್ತಿದರೆ ಇಳಿಸಲು ಜಾಗವಿಲ್ಲ. ಮೈ ಬಿಸಿಯಾದಂತೆ ಊದ್ ಏಳತೊಡಗಿತು. ನನಗೆ ಅಂಟಿಕೊಂಡು ನಿಂತಿದ್ದ ಬಸುರಿ ಹುಡುಗಿ ಸೆರಗಿನಿಂದ ಮೂಗು ಮುಚ್ಚಿಕೊಂಡು "ತಾಈ, ಜರಾ ತಿಕಡೆ ಸರಕಾ ನಾ" ಅಂದಳು. ಎಲ್ಲಿಗೆ ಸರಿಯಲಿ? ಥಾಣೆಯಲ್ಲಿ ನಾನೇ ಇಳಿದೆ. ಪ್ಲಾಟ್‌ಫಾರ್ಮಿನ ಕೊನೆಗೆ ಹೋಗಿ ಬಾಟಲಿ ನೀರಿನಲ್ಲಿ ಕತ್ತು ತೊಳೆದೆ. ಹೋಗುತ್ತದಾ? ಬರೀ ನೀರಿಗೆ ಜಗ್ಗುವ ಪದಾರ್ಥವೇ ಅಲ್ಲ. ಸಂಜೆ ತನಕ ನಾನು ನಡೆದಾಡುವ ದರ್ಗಾ ಆಗಿದ್ದೆ.

ಅವತ್ತಿನಿಂದ ಗಿರಾಕಿಗಳಿಗೆ ವಯಸ್ಸು ಕೇಳುವುದು ಬಿಟ್ಟು 'ಹೇಗೆ ಓಡಾಡುತ್ತೀರಿ' ಅಂತ ಕೇಳತೊಡಗಿದೆ. ಲೋಕಲ್ಲಾ, ರಿಕ್ಷಾನಾ, ಎಸಿ ಕಾರಾ? ಲೋಕಲ್ ಅಂದರೆ ಲಿಂಬೆ, ಕಿತ್ತಳೆ, ಲಾವಂಚ, ಟೀ ಎಲೆಯಂಥ ಹಗುರದವು, ಅದೂ ಓ ದ ಟಾಯ್ಲೆಟ್. ಇದರಲ್ಲಿ ಸುಗಂಧದ ಅಂಶ ಸಾಮಾನ್ಯವಾಗಿ ಶೇಕಡಾ 5ರಿಂದ 15. ಓ ದ ಪರ್ಫ್ಯೂಮ್‌ನಲ್ಲಿ 15ರಿಂದ 20. ಹೆಚ್ಚು ದುಡ್ಡು ಕೊಟ್ಟದ್ದಕ್ಕೆ ಹೆಚ್ಚು ಒಳ್ಳೆಯದು ಅಂತಲ್ಲ, ಹೆಚ್ಚು ಹೊತ್ತು ನಿಲ್ಲುತ್ತದೆ ಅಷ್ಟೇ. ಮುಂಬಯಿಯ ಸೆಕೆಯಲ್ಲಿ ಹಗಲಿಗೆ ಮೊದಲನೆಯದೇ ಸಾಕು.

ಇನ್ನು ನೀವು ಆರಿಸುವುದು ಹೇಗೆ. ಸೆಂಟ್ ಹಾಕದೆ ಅಂಗಡಿಗೆ ಹೋಗಿ, ಶನಿವಾರ ಸಂಜೆ ಬೇಡ. ಮನೆಯಲ್ಲಿ ಯಾವ ವಾಸನೆ ಬಂದರೆ ಒಂದು ಕ್ಷಣ ನಿಲ್ಲುತ್ತೀರಿ ಅಂತ ಮೊದಲೇ ಯೋಚಿಸಿ ಹೋಗಿ. ಸಂಪಿಗೆಯಾ, ಏಲಕ್ಕಿಯಾ, ಒಣಗಿದ ರೆಂಜೆ ಹೂವಾ, ಮೊದಲ ಮಳೆಯಾ? ಅಂಗಡಿಯವರಿಗೆ ಅದನ್ನೇ ಹೇಳಿ, 'ಆಫೀಸಿಗೆ, ನಲವತ್ತಾರು' ಅಂತ ಹೇಳಬೇಡಿ. ಬಾಕ್ಸಿನ ಮೇಲೆ ಜಾಸ್ಮಿನ್ ಸಂಬಾಕ್ ಅಂತಿದ್ದರೆ ನಮ್ಮ ಉಡುಪಿ ಮಲ್ಲಿಗೆಯ ಜಾತಿ ಅಂತ ತಿಳಿಯಿರಿ. ವೆಟಿವರ್ ಅಂದರೆ ಲಾವಂಚ.

ನಾಲ್ಕಕ್ಕಿಂತ ಹೆಚ್ಚು ಮೂಸಬೇಡಿ. ಕಾಫಿ ಬೀಜದ ಭರಣಿ ಮುಂದಿಡುತ್ತಾರಲ್ಲ, ಅದು ಮೂಗನ್ನು ತೊಳೆಯುವುದಿಲ್ಲ, ಐದನೇ ವಾಸನೆ ಸೇರಿಸುತ್ತದೆ. ನಾನೇ ವರ್ಷಗಟ್ಟಲೆ ಆ ಭರಣಿ ಹಿಡಿದು ನಿಂತಿದ್ದೆ. ನಿಮ್ಮದೇ ಮೊಣಕೈ ಮಡಿಕೆ ಮೂಸಿ, ಅದು ಒಳ್ಳೆಯದು. ಕಾಗದದ ಮೇಲೆ ಇಷ್ಟವಾದ ಒಂದನ್ನು ಮಾತ್ರ ಮಣಿಕಟ್ಟಿಗೆ ಹಾಕಿಸಿಕೊಂಡು ಹೊರಗೆ ಬನ್ನಿ. ಚಹಾ ಕುಡಿಯಿರಿ. ಮೊದಲು ಬರುವ ಲಿಂಬೆ, ಹಣ್ಣಿನ ವಾಸನೆ ಕಾಲು ಗಂಟೆಯಲ್ಲಿ ಹಾರಿ ಹೋಗುತ್ತದೆ, ಅಂಗಡಿಯಲ್ಲಿ ನಾವು ಮಾರುವುದು ಅದನ್ನೇ. ನಿಮ್ಮ ಜೊತೆ ಸಂಜೆ ತನಕ ಇರುವುದು ಅಡಿಯಲ್ಲಿ ಉಳಿಯುವ ವಾಸನೆ. ಅದು ಇಷ್ಟವಾದರೆ ನಾಳೆ ಹೋಗಿ ತನ್ನಿ.

ಸ್ಪ್ರೇ ಯಾವುದೂ ಹಿಡಿಸದಿದ್ದರೆ ಒಂದು ದಿನ ಮೊಹಮ್ಮದ್ ಅಲಿ ರೋಡಿಗೆ ಹೋಗಿ. ಅತ್ತರ್ ಅಂಗಡಿಯವರು ಗಾಜಿನ ಕಡ್ಡಿ ಅದ್ದಿ ಅಂಗೈ ಹಿಂದೆ ಒಂದು ಗೆರೆ ಎಳೆಯುತ್ತಾರೆ. ಅತ್ತರಿನಲ್ಲಿ ಸ್ಪ್ರೇಯ ಹಾಗೆ ಆಲ್ಕೋಹಾಲ್ ಇರುವುದಿಲ್ಲ, ಹಬ್ಬುವುದಕ್ಕಿಂತ ಮೈಗೆ ಅಂಟಿಕೊಂಡಿರುತ್ತದೆ. ಉತ್ತರ ಪ್ರದೇಶದ ಅತ್ತರಿನ ಊರು ಕನೌಜಿನ ಹಳೇ ಪದ್ಧತಿಯಲ್ಲಿ ತಾಮ್ರದ ಹಂಡೆಯಲ್ಲಿ ಬೇಯಿಸಿದ ಹೂವಿನ ಆವಿಯನ್ನು ಗಂಧದೆಣ್ಣೆಯೊಳಗೆ ಇಳಿಸುತ್ತಾರೆ. ಗಂಧದೆಣ್ಣೆಯ ಬೆಲೆ ನಿಮಗೆ ಗೊತ್ತು, ಆದ್ದರಿಂದ ನೂರು ರೂಪಾಯಿಗೆ ಸಿಗುವುದು ಹಾಗೆ ಮಾಡಿದ್ದಲ್ಲ. ಇರಲಿ, ಅದರಲ್ಲೂ ಚೆಂದದವು ಇರುತ್ತವೆ. ಮಿಟ್ಟಿ ಅತ್ತರ್ ಕೇಳಿ ನೋಡಿ, ಸುಟ್ಟ ಮಣ್ಣಿನಿಂದ ತೆಗೆಯುವುದು. ಜೂನಿನ ಮೊದಲ ಮಳೆ. ಅದಕ್ಕೆ ಯಾವ ಮಗಳೂ ಅಜ್ಜಿ ವಾಸನೆ ಅನ್ನುವುದಿಲ್ಲ.

ಗಂಡ ತಂದ ಬಾಟಲಿಯನ್ನು ಎಸೆಯಬೇಡಿ. ಮೈಗೆ ಬೇಡ, ಹತ್ತಿಯ ದುಪಟ್ಟಾದ ಅಂಚಿಗೆ ಒಂದೇ ಸಲ ಹೊಡೆದು ಡಿಸೆಂಬರಿನಲ್ಲಿ ಹಾಕಿಕೊಳ್ಳಿ, ಚಳಿಯಲ್ಲಿ ಪೌಡರಿನ ವಾಸನೆ ಮೆತ್ತಗಾಗುತ್ತದೆ. ರೇಷ್ಮೆ ಸೀರೆಗೆ, ಮುತ್ತಿನ ಸರಕ್ಕೆ ತಾಗಿಸಬೇಡಿ, ಕಲೆ ಬೀಳುತ್ತದೆ, ಮುತ್ತಿನ ಹೊಳಪು ಹೋಗುತ್ತದೆ. ಬಾತ್‌ರೂಮಿನ ಕಿಟಕಿಯಲ್ಲಂತೂ ಇಡಲೇಬೇಡಿ, ಬಿಸಿಲು ಮತ್ತು ಬಿಸಿ ಎರಡೂ ಸೆಂಟನ್ನು ಹುಳಿ ಮಾಡುತ್ತವೆ. ನಮ್ಮ ಮನೆಯಲ್ಲಿ ಗೋದ್ರೇಜ್ ಕಪಾಟಿನೊಳಗೆ ಸೀರೆಗಳ ಹಿಂದೆ ಇಡುತ್ತೇವೆ. ಅತ್ತೆಯ ಗುಲಾಬಿ ಬಾಟಲಿಯೂ ಅಲ್ಲೇ ಇದೆ, ಈಗ ಮೂರನೆಯದು. ಮೊನ್ನೆ ನಾನು ಕದ್ದು ಒಂದು ಸಲ ಹೊಡೆದುಕೊಂಡು ಹೊರಗೆ ಬಂದರೆ ಅತ್ತೆ ಪೇಪರ್‌ನಿಂದ ಕಣ್ಣೆತ್ತದೆ, "ಪಾಕ ಹತ್ತಿದೆ, ಒಲೆ ಸಣ್ಣ ಮಾಡು" ಅಂದರು.